ಮೂತ್ರಕೋಶಚ್ಛೇದನದ ಇತಿಹಾಸ: ಪೂರ್ವಸಿದ್ಧತೆ ಮತ್ತು ಚೇತರಿಕೆಗಳ ದೃಷ್ಟಿಯಿಂದ

ಚರಕಸಂಹಿತೆಯು ಹೃದಯ, ಶಿರಸ್ಸು, ಬಸ್ತಿ ಎಂಬ ಮೂರನ್ನು ಶರೀರದ ಪ್ರಧಾನ ಮರ್ಮಗಳೆಂದು ಎಣಿಸುತ್ತದೆ. ಬಸ್ತಿಯೆಂದರೆ ಮೂತ್ರಕೋಶ. ಗ್ರೀಕರ ಹಿಪ್ಪೊಕ್ರಾಟಿಕ್ ಸೂತ್ರಗಳಲ್ಲಿಯೂ ಮೂತ್ರಕೋಶಕ್ಕೆ ತಗುಲಿದ ಗಾಯವು ಮಾರಕವೆಂದೇ ಹೇಳಿದೆ. ಪರಸ್ಪರ ದೂರದಲ್ಲಿದ್ದ ಎರಡು ವೈದ್ಯಪರಂಪರೆಗಳು ಹೀಗೆ ಭಯದಿಂದ ಕಂಡ ಅಂಗವನ್ನು, ಅರ್ಬುದರೋಗದ ಎಂದರೆ ಕ್ಯಾನ್ಸರಿನ ನಿವಾರಣೆಗಾಗಿ, ಇಡಿಯಾಗಿ ತೆಗೆದುಹಾಕುವ ಶಸ್ತ್ರಕ್ರಿಯೆಯು ಇಂದು ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ. ಇದರ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಶಸ್ತ್ರವೈದ್ಯರ ಹೆಸರುಗಳನ್ನೂ ಅವರು ಮೊದಲಿಗೆ ಸಾಧಿಸಿದ ಕ್ರಮಗಳನ್ನೂ ಕಾಲಾನುಕ್ರಮದಲ್ಲಿ ಜೋಡಿಸುತ್ತಾರೆ. ಹಾಗೆ ಜೋಡಿಸಿದಾಗ ಒಂದು ಮುಖ್ಯ ಸಂಗತಿ ಮರೆಯಾಗುತ್ತದೆ. ಮೂತ್ರಕೋಶವನ್ನು ಕತ್ತರಿಸಿ ತೆಗೆಯುವುದನ್ನು ವೈದ್ಯರು ೧೯ನೆಯ ಶತಮಾನದಲ್ಲಿಯೇ ಕಲಿತಿದ್ದರು. ರೋಗಿಯನ್ನು ಅದಕ್ಕೆ ಅಣಿಗೊಳಿಸುವುದನ್ನೂ ಅನಂತರ ಅವನನ್ನು ಬದುಕಿಗೆ ಮರಳಿಸುವುದನ್ನೂ ಕಲಿಯಲು ಇನ್ನೊಂದು ಶತಮಾನ ಹಿಡಿಯಿತು. ಈ ಎರಡನೆಯ ಕಲಿಕೆಯೇ ಈ ಶಸ್ತ್ರಕ್ರಿಯೆಯ ಇತಿಹಾಸದ ಸಾರವೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೧

೧೮೭೯ರಲ್ಲಿ ಮ್ಯಾಕ್ಸ್ ನಿಟ್ಜೆಯು ವಿಯೆನ್ನಾದಲ್ಲಿ ಮೂತ್ರಕೋಶದರ್ಶಕವನ್ನು ಪ್ರದರ್ಶಿಸಿದ ಮೇಲೆ, ಅದುವರೆಗೆ ಮೂತ್ರದಲ್ಲಿ ರಕ್ತ ಕಾಣಿಸಿಕೊಂಡಾಗ ಊಹೆಯಿಂದ ಮಾತ್ರ ತಿಳಿಯುತ್ತಿದ್ದ ಗಡ್ಡೆಗಳನ್ನು ಕಣ್ಣಾರೆ ನೋಡುವುದು ಸಾಧ್ಯವಾಯಿತು. ೧೮೯೫ರಲ್ಲಿ ಫ್ರಾಂಕ್‌ಫರ್ಟಿನ ಲುಡ್ವಿಗ್ ರೇನ್ ಎಂಬ ಶಸ್ತ್ರವೈದ್ಯನು, ಬಣ್ಣದ ಕಾರ್ಖಾನೆಯ ಕಾರ್ಮಿಕರಲ್ಲಿ ಇಂತಹ ಗಡ್ಡೆಗಳನ್ನು ಗುರುತಿಸಿ, ಅವಕ್ಕೂ ಅವರ ಉದ್ಯೋಗಕ್ಕೂ ಸಂಬಂಧವಿದೆಯೆಂದು ಸೂಚಿಸಿದನು. ರೋಗವು ಕಣ್ಣಿಗೆ ಕಂಡಿತು, ಅದರ ಒಂದು ಕಾರಣವೂ ತಿಳಿಯಿತು. ಇನ್ನು ಅದನ್ನು ಬೇರುಸಹಿತ ತೆಗೆಯಬೇಕೆಂಬ ಆಶೆ ಹುಟ್ಟಿದುದು ಸಹಜವೇ ಆಗಿತ್ತು.

ಆದರೆ ಮೂತ್ರಕೋಶವನ್ನು ತೆಗೆದ ಮಾತ್ರಕ್ಕೆ ಮೂತ್ರದ ಉತ್ಪತ್ತಿ ನಿಲ್ಲುವುದಿಲ್ಲ. ಮೂತ್ರಪಿಂಡಗಳಿಂದ ಎರಡು ಮೂತ್ರನಾಳಗಳ ಮೂಲಕ ಅದು ಹಗಲಿರುಳೂ ಇಳಿಯುತ್ತಲೇ ಇರುತ್ತದೆ. ಅದಕ್ಕೊಂದು ಹೊಸ ದಾರಿಯನ್ನು ಕಲ್ಪಿಸದಿದ್ದರೆ ರೋಗಿಯು ಉಳಿಯಲಾರನು. ೧೮೮೭ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಬರ್ನ್‌ಹಾರ್ಡ್ ಬಾರ್ಡೆನ್‌ಹಾಯರ್ ಎಂಬಾತನು ಅರ್ಬುದಪೀಡಿತನಾದ ಒಬ್ಬನ ಮೂತ್ರಕೋಶವನ್ನು ಸಂಪೂರ್ಣವಾಗಿ ತೆಗೆದನು. ಗ್ರಂಥಗಳಲ್ಲಿ ‘ಪ್ರಥಮ’ವೆಂದು ದಾಖಲಾದ ಶಸ್ತ್ರಕ್ರಿಯೆ ಇದೇ. ಮೂತ್ರನಾಳಗಳಿಗೆ ಹೊಸ ನೆಲೆಯನ್ನು ಒದಗಿಸಲು ಆತನಿಗೆ ಸಾಧ್ಯವಾಗಲಿಲ್ಲ. ರೋಗಿಯು ಹದಿನಾಲ್ಕನೆಯ ದಿನ ತೀರಿಕೊಂಡನು.

ಎರಡು ವರ್ಷಗಳ ತರುವಾಯ, ೧೮೮೯ರಲ್ಲಿ, ಪ್ರಾಗ್ ನಗರದ ಕರೆಲ್ ಪಾವ್ಲಿಕ್ ಎಂಬಾತನು ಒಬ್ಬ ಸ್ತ್ರೀಯ ಮೇಲೆ ಇದೇ ಶಸ್ತ್ರಕ್ರಿಯೆಯನ್ನು ನಡೆಸಿದನು. ಆದರೆ ಆತನು ಮೊದಲು ಮೂತ್ರನಾಳಗಳನ್ನು ಯೋನಿಮಾರ್ಗಕ್ಕೆ ತಿರುಗಿಸಿ, ಆ ಗಾಯ ಮಾಯುವವರೆಗೆ ಕಾದು, ಬಳಿಕವೇ ಮೂತ್ರಕೋಶಕ್ಕೆ ಕೈಹಾಕಿದನು. ಆಕೆ ಅನಂತರ ಬಹುವರ್ಷಗಳ ಕಾಲ ಬದುಕಿದಳು. ಈ ಇಬ್ಬರಲ್ಲಿ ಹಸ್ತಕೌಶಲದ ಅಂತರ ಹೆಚ್ಚಾಗಿತ್ತೆಂದು ಹೇಳಲು ಆಧಾರವಿಲ್ಲ. ಅಂತರವಿದ್ದುದು ಸಿದ್ಧತೆಯಲ್ಲಿ. ಕಾಲಗಣನೆಯಲ್ಲಿ ಬಾರ್ಡೆನ್‌ಹಾಯರ್ ಮೊದಲಿಗನಾದರೂ, ವಿವೇಕದ ಗಣನೆಯಲ್ಲಿ ಪಾವ್ಲಿಕನೇ ಮೊದಲಿಗನೆನ್ನಬೇಕು.

೨

ಮುಂದಿನ ಅರ್ಧಶತಮಾನದಲ್ಲಿ ಹೆಚ್ಚು ಬಳಕೆಗೆ ಬಂದ ದಾರಿ ದೊಡ್ಡಕರುಳಿನದು. ೧೯೧೧ರಲ್ಲಿ ಅಮೆರಿಕದ ರಾಬರ್ಟ್ ಕಾಫಿಯು, ಮೂತ್ರನಾಳವನ್ನು ಕರುಳಿನ ಗೋಡೆಯೊಳಗೆ ಓರೆಯಾಗಿ ಹಾಯಿಸಿ ಸೇರಿಸಿದರೆ ಕರುಳಿನ ಕಲ್ಮಷವು ಮೂತ್ರಪಿಂಡಗಳತ್ತ ಹಿಮ್ಮುಖವಾಗಿ ಹರಿಯದೆಂದು ತೋರಿಸಿದನು. ಮೈಯ ಮೇಲೆ ತೂತಿಲ್ಲ, ಚೀಲವಿಲ್ಲ; ಮಲದೊಡನೆಯೇ ಮೂತ್ರವೂ ಹೊರಹೋಗುತ್ತಿತ್ತು. ಇದು ಅನೇಕರಿಗೆ ಒಪ್ಪಿಗೆಯಾಯಿತು.

ಇದರ ಬೆಲೆ ಎಷ್ಟೆಂಬುದು ತಡವಾಗಿ ತಿಳಿಯಿತು. ೧೯೫೦ರಲ್ಲಿ ಫೆರಿಸ್ ಮತ್ತು ಓಡೆಲ್ ಎಂಬ ವೈದ್ಯರು ಇಂತಹ ರೋಗಿಗಳ ರಕ್ತವನ್ನು ಪರೀಕ್ಷಿಸಿದಾಗ, ಬಹುಪಾಲು ಮಂದಿಯಲ್ಲಿ ಕ್ಲೋರೈಡಿನ ಅಂಶ ಏರಿ ರಕ್ತದಲ್ಲಿ ಆಮ್ಲತೆ ಹೆಚ್ಚಿದ್ದುದು ಕಂಡುಬಂದಿತು. ಹೊರಹಾಕಬೇಕಾದುದನ್ನು ಕರುಳು ತನ್ನ ಸ್ವಭಾವಕ್ಕನುಸಾರವಾಗಿ ಮತ್ತೆ ಹೀರಿಕೊಳ್ಳುತ್ತಿತ್ತು. ರೋಗಿಯು ಶಸ್ತ್ರಕ್ರಿಯೆಯಿಂದ ಪಾರಾಗಿ ಮನೆಗೆ ಮರಳಿದನೆಂದು ಆಸ್ಪತ್ರೆಯ ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೂ, ಅವನ ಆಯಾಸ, ಅರುಚಿ, ಕೃಶತೆಗಳು ಮುಂದುವರಿದಿದ್ದುವು. ಚೇತರಿಕೆಯನ್ನು ಎಲ್ಲಿಯವರೆಗೆ ಗಮನಿಸಬೇಕೆಂಬ ಪ್ರಶ್ನೆಯನ್ನು ಈ ಸಂಶೋಧನೆಯು ವೈದ್ಯರ ಮುಂದಿಟ್ಟಿತು.

ಅದೇ ವರ್ಷ ಅಮೆರಿಕದ ಸೇಂಟ್ ಲೂಯಿಸ್ ನಗರದ ಯೂಜೀನ್ ಬ್ರಿಕರ್ ತನ್ನ ಕ್ರಮವನ್ನು ಪ್ರಕಟಿಸಿದನು. ಸಣ್ಣಕರುಳಿನ ಕೊನೆಯ ಭಾಗದಿಂದ ಗೇಣುದ್ದದ ತುಂಡನ್ನು ಅದರ ರಕ್ತನಾಳಗಳೊಡನೆ ಬೇರ್ಪಡಿಸಿ, ಒಂದು ತುದಿಗೆ ಮೂತ್ರನಾಳಗಳನ್ನು ಹೊಲಿದು, ಇನ್ನೊಂದು ತುದಿಯನ್ನು ಹೊಟ್ಟೆಯ ಮೇಲೆ ಬಾಯಿಯಾಗಿ ತೆರೆಯುವುದು ಈ ಕ್ರಮ. ಈ ಬಾಯಿಗೆ ಸ್ಟೋಮಾ ಎಂದು ಹೆಸರು. ಮೂತ್ರವು ಅಲ್ಲಿ ತಂಗದೆ ಚೀಲಕ್ಕೆ ಇಳಿಯುವುದರಿಂದ ಮರುಹೀರಿಕೆ ಬಹಳ ಮಟ್ಟಿಗೆ ತಪ್ಪುತ್ತದೆ. ಗಮನಾರ್ಹವಾದ ಸಂಗತಿಯೆಂದರೆ, ಹಾಲೆಂಡಿನ ಝಾಯರ್ ಎಂಬಾತನು ೧೯೧೧ರಲ್ಲಿಯೇ ಇಂತಹ ಪ್ರಯತ್ನವನ್ನು ವರದಿಮಾಡಿದ್ದನು. ಆಲೋಚನೆಯು ಹುಟ್ಟಿ ಸುಮಾರು ನಲವತ್ತು ವರ್ಷ ಫಲಿಸದೆ ಉಳಿಯಿತು. ಈ ನಡುವಣ ಕಾಲದಲ್ಲಿ ಸಲ್ಫಾ ಮತ್ತು ಪೆನಿಸಿಲಿನ್ ಔಷಧಿಗಳು, ಸುರಕ್ಷಿತವಾದ ರಕ್ತಪೂರಣ, ಸುಧಾರಿಸಿದ ಅರಿವಳಿಕೆ ಬಳಕೆಗೆ ಬಂದುವು. ಚರ್ಮಕ್ಕೆ ಅಂಟಿಕೊಂಡು ಸೋರದೆ ನಿಲ್ಲುವ ರಬ್ಬರ್ ಚೀಲವೂ ಬಂದಿತು. ಇವು ಇಲ್ಲದೆ ಬ್ರಿಕರನ ಕ್ರಮ ನೆಲೆಯೂರುತ್ತಿರಲಿಲ್ಲ.

೩

ಇಲ್ಲಿಂದ ಮುಂದೆ ಈ ಇತಿಹಾಸದಲ್ಲಿ ಶಸ್ತ್ರವೈದ್ಯರಲ್ಲದವರು ಕಾಣಿಸಿಕೊಳ್ಳುತ್ತಾರೆ. ಸ್ಟೋಮಾದ ಸುತ್ತಲಿನ ಚರ್ಮವು ದ್ರವ ತಾಕಿ ಸುಡುವುದು ರೋಗಿಯ ನಿತ್ಯಸಂಕಟವಾಗಿತ್ತು. ೧೯೫೦ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ರೂಪರ್ಟ್ ಟರ್ನ್‌ಬುಲ್ ಎಂಬ ವೈದ್ಯನು ಇದಕ್ಕೆ ಕರಾಯ ಅಂಟಿನ ಪುಡಿಯನ್ನು ಬಳಕೆಗೆ ತಂದನು. ಈ ಅಂಟು ಭಾರತದ ಒಣಕಾಡುಗಳಲ್ಲಿ ಬೆಳೆಯುವ ಮರವೊಂದರಿಂದ ದೊರಕುವಂಥದು. ನಮ್ಮ ಕಾಡಿನಲ್ಲಿ ಅಂಟು ಸಂಗ್ರಹಿಸಿದ ಕೈಗಳಿಗೂ ದೂರದೇಶದ ರೋಗಿಯ ನೆಮ್ಮದಿಗೂ ಹೀಗೊಂದು ನಂಟು ಏರ್ಪಟ್ಟಿತು.

೧೯೫೮ರಲ್ಲಿ ಟರ್ನ್‌ಬುಲ್ ನಾರ್ಮಾ ಗಿಲ್ ಎಂಬ ಮಹಿಳೆಯನ್ನು ಸ್ಟೋಮಾರೋಗಿಗಳ ಆರೈಕೆಗೆ ನೇಮಿಸಿಕೊಂಡನು. ಕರುಳಿನ ವ್ಯಾಧಿಯಿಂದಾಗಿ ಆಕೆಗೇ ಸ್ಟೋಮಾ ಇದ್ದಿತು. ವೈದ್ಯಕೀಯ ಪದವಿ ಇರಲಿಲ್ಲ. ೧೯೬೧ರಲ್ಲಿ ಅಲ್ಲಿ ಈ ಆರೈಕೆಗೇ ಮೀಸಲಾದ ಶಿಕ್ಷಣ ಆರಂಭವಾಯಿತು. ಶಸ್ತ್ರಕ್ರಿಯೆಗೆ ಮುನ್ನ ರೋಗಿಯನ್ನು ಕೂರಿಸಿ, ನಿಲ್ಲಿಸಿ, ಬಾಗಿಸಿ, ಸ್ಟೋಮಾದ ಸ್ಥಳವನ್ನು ಶಾಯಿಯಿಂದ ಗುರುತಿಸುವುದು ಇಂದು ಈ ಶುಶ್ರೂಷಕರ ಮುಖ್ಯ ಕರ್ತವ್ಯ. ಪಂಚೆ ಅಥವಾ ಸೀರೆಯ ಕಟ್ಟು ಬೀಳುವಲ್ಲಿ, ನೆಲದ ಮೇಲೆ ಕುಳಿತಾಗ ಮಡಿಕೆ ಬೀಳುವಲ್ಲಿ ಸ್ಟೋಮಾ ಇದ್ದರೆ ಚೀಲ ನಿಲ್ಲದು. ಮಲಗಿದ ರೋಗಿಯ ಹೊಟ್ಟೆಯನ್ನು ಮಾತ್ರ ಕಂಡವನಿಗೆ ಇದು ತಿಳಿಯುವಂತಿಲ್ಲ.

೪

ಚೀಲವೇ ಬೇಡವೆಂಬ ಹಂಬಲವೂ ಇದ್ದೇ ಇತ್ತು. ಫ್ರಾನ್ಸಿನ ಮೋರಿಸ್ ಕಾಮೇ ೧೯೫೦ರ ದಶಕದ ಕೊನೆಯಿಂದಲೇ ಸಣ್ಣಕರುಳಿನ ತುಂಡನ್ನು ಮೂತ್ರಕೋಶದ ಸ್ಥಾನದಲ್ಲಿಯೇ ಜೋಡಿಸುವ ಕ್ರಮವನ್ನು ಬೆಳೆಸಿದನು. ೧೯೮೦ರ ದಶಕದಲ್ಲಿ ಜರ್ಮನಿಯ ಹೌಟ್‌ಮನ್, ಸ್ವಿಟ್ಜರ್ಲೆಂಡಿನ ಸ್ಟೂಡರ್ ಮೊದಲಾದವರು ಕರುಳನ್ನು ಸೀಳಿ, ಮಡಿಸಿ, ಗೋಳಾಕಾರವಾಗಿ ಹೊಲಿದು ನೂತನ ಮೂತ್ರಕೋಶವನ್ನು ರಚಿಸಿದರು. ಆದರೆ ಈ ಕೋಶಕ್ಕೆ ತುಂಬಿದೆನೆಂಬ ಅರಿವಿಲ್ಲ. ರೋಗಿಯು ಮೊದಮೊದಲು ಎರಡು ಮೂರು ಗಂಟೆಗಳಿಗೊಮ್ಮೆ, ರಾತ್ರಿ ಗಡಿಯಾರದ ಗಂಟೆಗೆ ಎಚ್ಚತ್ತು, ಮೂತ್ರ ವಿಸರ್ಜಿಸಬೇಕು. ಬಾಲ್ಯದಲ್ಲಿ ಕಲಿತುದನ್ನು ಮತ್ತೆ ಕಲಿಯಬೇಕು. ಹಗಲಿನ ಹತೋಟಿಗೆ ತಿಂಗಳುಗಳೇ ಬೇಕು. ರಾತ್ರಿಯದು ಇನ್ನೂ ತಡ.

ಪೂರ್ವಸಿದ್ಧತೆಯ ಅರ್ಥವೂ ಈ ಕಾಲದಲ್ಲಿ ಹಿಗ್ಗಿತು. ೨೦೦೩ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಶಸ್ತ್ರಕ್ರಿಯೆಗೆ ಮುನ್ನ ರಾಸಾಯನಿಕ ಔಷಧಿಗಳನ್ನು ಪಡೆದ ಗುಂಪಿನ ಮಧ್ಯಮಾಂಕ ಆಯುಷ್ಯ ೭೭ ತಿಂಗಳು, ಪಡೆಯದ ಗುಂಪಿನದು ೪೬ ತಿಂಗಳು ಎಂದು ಕಂಡಿತು. ಡೆನ್ಮಾರ್ಕಿನ ಹೆನ್ರಿಕ್ ಕೆಹ್ಲೆಟ್ ೧೯೯೦ರ ದಶಕದಲ್ಲಿ ಕರುಳಿನ ಶಸ್ತ್ರಕ್ರಿಯೆಗಳಿಗೆ ರೂಪಿಸಿದ ಶೀಘ್ರ ಚೇತರಿಕೆಯ ಕ್ರಮವನ್ನು ಅನಂತರ ಮೂತ್ರಕೋಶಚ್ಛೇದನಕ್ಕೂ ಅನ್ವಯಿಸಲಾಯಿತು. ಹಿಂದೆ ರೋಗಿಯ ಕರುಳನ್ನು ದಿನಗಟ್ಟಲೆ ತೊಳೆದು ಉಪವಾಸವಿರಿಸುತ್ತಿದ್ದರು. ಈ ಕ್ರಮದಲ್ಲಿ ಅವೆರಡನ್ನೂ ಕೈಬಿಡಲಾಗಿದೆ. ಧೂಮಪಾನದ ತ್ಯಾಗ, ಪುಷ್ಟಿಕರ ಆಹಾರ, ರಕ್ತಹೀನತೆಯ ನಿವಾರಣೆ ಮೊದಲಿಗೆ ಬರುತ್ತವೆ. ಶಸ್ತ್ರಕ್ರಿಯೆಯ ಬಳಿಕ ಬೇಗನೆ ನಡೆದಾಡಿಸುವುದು, ಬೇಗನೆ ಉಣ್ಣಿಸುವುದು, ಕರುಳಿನ ಚಲನೆ ಮರಳಲೆಂದು ಚೂಯಿಂಗ್ ಗಮ್ ಅಗಿಯಿಸುವುದು, ರಕ್ತ ಹೆಪ್ಪುಗಟ್ಟದಂತೆ ನಾಲ್ಕು ವಾರ ಔಷಧಿ ಕೊಡುವುದು ವಿಧಿಯಾಗಿವೆ.

ಇಷ್ಟಾದರೂ ಮಾರ್ಗ ಸುಗಮವಾಯಿತೆಂದು ಹೇಳುವುದು ಇತಿಹಾಸಕಾರನಿಗೆ ತಕ್ಕುದಲ್ಲ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಸಂಸ್ಥೆಯವರು ೨೦೦೯ರಲ್ಲಿ ತಮ್ಮ ೧,೧೪೨ ರೋಗಿಗಳ ವಿವರವನ್ನು ಪ್ರಕಟಿಸಿದಾಗ, ೯೦ ದಿನಗಳೊಳಗೆ ಶೇಕಡ ೬೪ ಮಂದಿಗೆ ಒಂದಿಲ್ಲೊಂದು ತೊಡಕು ಉಂಟಾಗಿತ್ತು. ಅದೇ ಸಂಸ್ಥೆಯಲ್ಲಿ ೧೯೭೬ರ ಅಕ್ಟೋಬರಿನಲ್ಲಿ ಅಮೆರಿಕದ ಮಾಜಿ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿಯ ಮೂತ್ರಕೋಶವನ್ನು ತೆಗೆಯಲಾಗಿತ್ತು. ಆತನು ಮರುತಿಂಗಳೇ ಸೆನೆಟ್ಟಿಗೆ ಮರಳಿ ಚುನಾಯಿತನಾಗಿ ರಾಜಕಾರ್ಯಕ್ಕೆ ತೊಡಗಿದನು. ೧೯೭೮ರ ಜನವರಿಯಲ್ಲಿ ಅದೇ ರೋಗದಿಂದ ತೀರಿಕೊಂಡನು. ಚೇತರಿಕೆ ಬೇರೆ, ರೋಗಮುಕ್ತಿ ಬೇರೆ ಎಂಬುದಕ್ಕೆ ಇದು ನಿದರ್ಶನ. ಆದರೂ ಆ ಹದಿನೈದು ತಿಂಗಳುಗಳನ್ನು ವ್ಯರ್ಥವೆಂದು ಯಾರೂ ಹೇಳಲಾರರು.

೫

ಈ ಸಮೀಕ್ಷೆಯಿಂದ ಎರಡು ವಿಷಯಗಳು ವಿದಿತವಾಗುತ್ತವೆ. ಒಂದು, ಸಾಹಸವು ಮೊದಲು ಬಂದು ಸಿದ್ಧತೆಯು ಅನಂತರ ಬಂದಿತು. ಆ ನಡುವಣ ಅವಧಿಯ ಬೆಲೆಯನ್ನು ತೆತ್ತವರು ಹೆಸರು ಉಳಿಯದ ರೋಗಿಗಳು. ಇನ್ನೊಂದು, ಅಂತರವನ್ನು ಕಡಮೆ ಮಾಡಿದವರಲ್ಲಿ ರಕ್ತವನ್ನು ಪರೀಕ್ಷಿಸಿದವರು, ಚೀಲವನ್ನು ತಯಾರಿಸಿದವರು, ಅಂಟು ತಂದವರು, ತಮ್ಮ ಸಂಕಟವನ್ನೇ ವಿದ್ಯೆಯನ್ನಾಗಿಸಿಕೊಂಡು ಇತರರಿಗೆ ಕಲಿಸಿದವರು ಸೇರಿದ್ದಾರೆ. ನಮ್ಮ ವಿದ್ಯಾರ್ಥಿಗಳು ಯಾವುದೇ ಕ್ಷೇತ್ರದ ಚರಿತ್ರೆಯನ್ನು ಓದುವಾಗ ‘ಮೊದಲು ಮಾಡಿದವನು ಯಾರು’ ಎಂಬ ಪ್ರಶ್ನೆಯೊಡನೆ ‘ಅದರಿಂದ ಬದುಕಿ ಉಳಿದವರು ಯಾರು, ಹೇಗೆ’ ಎಂಬ ಪ್ರಶ್ನೆಯನ್ನೂ ಕೇಳುವುದು ಒಳ್ಳೆಯದು. ಮೊದಲನೆಯ ಪ್ರಶ್ನೆಗೆ ಉತ್ತರ ೧೮೮೭ನೆಯ ಇಸವಿಯಲ್ಲಿದೆ. ಎರಡನೆಯದಕ್ಕೆ ಉತ್ತರವನ್ನು ಇನ್ನೂ ಬರೆಯಲಾಗುತ್ತಿದೆ.