ಗಿಡ್ಡ ಚೇಂಬರಿನ ಕೋವಿ, ಹಗುರ ತೋಟಾ: ಹಲಗಲಿಯಿಂದ ಕೊಡಗಿನವರೆಗೆ

ಕರ್ನಾಟಕದಲ್ಲಿ ಕೋವಿಗೆ ಮದ್ದು ತುಂಬುವ ಕೈಕಸುಬಿನ ಚರಿತ್ರೆ ಎರಡು ವರ್ಷಗಳ ನಡುವೆ ಕವಲೊಡೆಯುತ್ತದೆ. ಮೊದಲನೆಯದು 1857. ಆಯುಧಗಳನ್ನು ಒಪ್ಪಿಸಬೇಕೆಂಬ ಕಂಪನಿಯ ಕಾನೂನನ್ನು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಧಿಕ್ಕರಿಸಿದರು. ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರನ್ನು ಸುಟ್ಟಿತು, ಡಿಸೆಂಬರ್‌ನಲ್ಲಿ ಸೆರೆಸಿಕ್ಕವರನ್ನು ಗಲ್ಲಿಗೇರಿಸಲಾಯಿತು. ಎರಡನೆಯದು 1861. ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ ಆ ವರ್ಷದ ಫೆಬ್ರವರಿಯಲ್ಲಿ ಕೊಡವರನ್ನು ನಿಶ್ಶಸ್ತ್ರೀಕರಣದಿಂದ ಹೊರಗಿಟ್ಟ. ಹೀಗಾಗಿ ಬಯಲುಸೀಮೆಯಲ್ಲಿ, ವಿಜಯಪುರ ಜಿಲ್ಲೆಯ ಸಾಲೋಟಗಿ, ಇಂಡಿ, ಸಿಂದಗಿಯ ಕಡೆ, ಬಂದೂಕು ಪರವಾನಗಿಯ ವಸ್ತುವಾಯಿತು. ಕೊಡಗಿನಲ್ಲಿ ಅದು ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ಗೋಡೆಯ ಮೇಲೆಯೇ ಉಳಿಯಿತು. ಹಳೆಯ ಕೋವಿಗೆ ಎಂಥ ತೋಟಾ ಹಾಕಬೇಕು ಎಂಬ ಪ್ರಶ್ನೆಯನ್ನು ನಾನು ಕೊಡಗಿನ ಕಡೆಯಿಂದ ನೋಡುತ್ತಿರುವುದು ಈ ಕಾರಣಕ್ಕೆ.

ಮೂತಿಯಿಂದ ಮದ್ದು ತುಂಬುವ ಕೇಪಿನ ಕೋವಿಯಲ್ಲಿ ಪ್ರತಿಯೊಂದು ಈಡೂ ಕೈಯಳತೆಯದೇ. ಮದ್ದು, ಅದರ ಮೇಲೆ ಅದನ್ನು ಅದುಮಿ ಹಿಡಿಯುವ ಬಿಗಿ, ಬಳಿಕ ಚರೆ, ಮತ್ತೆ ಬಿಗಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಿಂಬದಿಯಿಂದ ತುಂಬುವ ಜೋಡಿ ನಳಿಗೆ ಕೋವಿ ಬಂದಾಗ ಇದೇ ಕ್ರಮ ಕಾಗದದ ಅಥವಾ ಹಿತ್ತಾಳೆಯ ತೋಟಾದೊಳಗೆ ಹೊಕ್ಕಿತು. ಹಿತ್ತಾಳೆಯದನ್ನು ಮತ್ತೆ ಮತ್ತೆ ತುಂಬಬಹುದಿತ್ತು. ಕಾಗದದ್ದು ಮಳೆಗಾಲದ ತೇವಕ್ಕೆ ಉಬ್ಬಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಈಲಿ ಕಂಪನಿ ‘ಪೆಗಮಾಯ್ಡ್’ ಎಂಬ ನೀರು ತಾಳುವ ಕಾಗದದ ತೋಟಾ ತಯಾರಿಸಿದ್ದು ಇಂಥ ಹವೆಗಾಗಿಯೇ. ಆ ಕಾಲದ 12 ಬೋರ್ ಕೋವಿಯ ಚೇಂಬರ್ ಉದ್ದ ಸಾಮಾನ್ಯವಾಗಿ ಎರಡೂವರೆ ಇಂಚು. ಇಂದಿನ ಲೆಕ್ಕದಲ್ಲಿ 65 ಮಿಲಿಮೀಟರ್. ರೂಢಿಯ ಭರ್ತಿ 3 ಡ್ರಾಮ್ ಕರಿಮದ್ದು, ಒಂದು ಔನ್ಸಿಗಿಂತ ತುಸು ಹೆಚ್ಚು ಚರೆ. 3 ಡ್ರಾಮ್ ಎಂದರೆ ಸುಮಾರು 5.3 ಗ್ರಾಂ.

ಅಪಾಯ ಹುಟ್ಟಿದ್ದು ಅಳತೆ ಹಾಗೇ ಉಳಿದು ಮದ್ದು ಮಾತ್ರ ಬದಲಾದಾಗ. ಶುಲ್ಟ್ಸೆ, 1882ರ ಇ.ಸಿ. ಮುಂತಾದ ಮೊದಲ ಹೊಗೆಯಿಲ್ಲದ ಮದ್ದುಗಳನ್ನು ಕರಿಮದ್ದಿನಷ್ಟೇ ಜಾಗ ಹಿಡಿಯುವಂತೆ ತಯಾರಿಸಿದ್ದರು. ಹಳೆಯ ಅಳತೆ ಬಟ್ಟಲು ಅವಕ್ಕೂ ನಡೆಯುತ್ತಿತ್ತು. ಆಮೇಲೆ ನೊಬೆಲ್‌ನ ಬ್ಯಾಲಿಸ್ಟೈಟ್‌ನಂಥ ದಟ್ಟ ಮದ್ದುಗಳು ಬಂದವು. ಅವು ಅರ್ಧ ಬಟ್ಟಲಿಗಿಂತ ಕಡಿಮೆ ಸಾಕು, ತೂಗಿಯೇ ಹಾಕಬೇಕು. ಬಟ್ಟಲು ತುಂಬ ಹಾಕಿದರೆ ನಳಿಗೆ ಸೀಳುವುದು ಖಂಡಿತ. ಹಳೆಯ ಕೋವಿಗೆ ಕಡಿಮೆ ಒತ್ತಡದ ಭರ್ತಿ ಹಾಕುವುದನ್ನು ಇಂದಿನ ಹವ್ಯಾಸಿಗಳ ಅತಿ ಜಾಗರೂಕತೆ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಅದು ಕೋವಿ ಹುಟ್ಟಿದ ಕಾಲದ ಅಳತೆಗೆ ಮರಳುವ ಪ್ರಯತ್ನವಾಗಿ ಕಾಣುತ್ತದೆ. ಚರೆಯ ತೂಕ ಇಳಿಸುವುದು, ನಿಧಾನವಾಗಿ ಉರಿಯುವ ಮದ್ದನ್ನು ಆರಿಸುವುದು, ಗಟ್ಟಿ ಬಿಗಿಯ ಬದಲು ನಾರಿನ ಬಿಗಿ ಬಳಸುವುದು, ಇವೆಲ್ಲವೂ ಒತ್ತಡದ ಏರಿಕೆಯನ್ನು ಮೆಲ್ಲಗಾಗಿಸುವ ಉಪಾಯಗಳು.

ಉದ್ದದ ವಿಚಾರ ಇನ್ನೂ ಮೋಸದ್ದು. ತೋಟಾದ ಮೇಲೆ ಮುದ್ರಿಸಿದ ಉದ್ದ, ಅದು ಸಿಡಿದು ಬಾಯಿ ಬಿಚ್ಚಿದ ಮೇಲಿನ ಉದ್ದ. ಬಾಯಿ ಮಡಿಸಿದ 70 ಮಿ.ಮೀ. ತೋಟಾ 65ರ ಚೇಂಬರಿನೊಳಗೆ ಸಲೀಸಾಗಿ ಕೂರುತ್ತದೆ, ಕೋವಿಯೂ ಮುಚ್ಚಿಕೊಳ್ಳುತ್ತದೆ. ಸಿಡಿದಾಗ ಮಡಿಕೆ ಬಿಚ್ಚಿಕೊಂಡು ಚೇಂಬರಿನ ಮುಂದಿನ ಇಳಿಜಾರಿಗೆ ನುಗ್ಗುತ್ತದೆ. ಬಿಗಿ ಮತ್ತು ಚರೆ ಹಾಯಬೇಕಾದ ದಾರಿ ಅಲ್ಲೇ ಇಕ್ಕಟ್ಟಾಗಿ ಒತ್ತಡ ಏರುತ್ತದೆ. ತೋಟಾ ಒಳಗೆ ಹೋಯಿತು ಎಂಬುದು ಸರಿಹೊಂದಿತು ಎಂಬುದಕ್ಕೆ ಸಾಕ್ಷಿಯಲ್ಲ.

ಸಾಕ್ಷಿ ಇರುವುದು ನಳಿಗೆಯ ಅಡಿಯಲ್ಲಿ. ಲಂಡನ್ ಅಥವಾ 1813ರಲ್ಲಿ ಸ್ಥಾಪನೆಯಾದ ಬರ್ಮಿಂಗ್‌ಹ್ಯಾಮ್ ಕೋವಿ ಪರೀಕ್ಷಾಲಯದ ಮುದ್ರೆಗಳನ್ನು ಶಾಸನದಂತೆ ಓದಬಹುದು. ‘ನಾಟ್ ಫಾರ್ ಬಾಲ್’ ಎಂದಿದ್ದರೆ 1875-87ರ ನಡುವಿನ, ಮೂತಿ ಕಿರಿದಾದ ನಳಿಗೆ. ‘ನೈಟ್ರೋ ಪ್ರೂಫ್’ ಎಂದಿದ್ದರೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾದದ್ದು. 1954ರ ನಿಯಮದಡಿ ಪರೀಕ್ಷೆಯಾದ ಕೋವಿಯಲ್ಲಿ ಚದರ ಇಂಚಿಗೆ ಇಷ್ಟು ಟನ್ ಎಂದೇ ಕೆತ್ತಿರುತ್ತದೆ. ಎರಡೂವರೆ ಇಂಚಿನ ಚೇಂಬರಿಗೆ ರೂಢಿಯ ಅಂಕಿ 3 ಟನ್. ಸಾಲೋಟಗಿಯ ಕಂಬದ ಶಾಸನಕ್ಕೆ ನಾವು ಕೊಡುವ ಗಮನದ ಒಂದು ಪಾಲನ್ನು ಈ ಕಿರು ಬರಹಗಳಿಗೂ ಕೊಡಬೇಕು.

ಡಮಾಸ್ಕಸ್ ನಳಿಗೆಗಳ ವಿಷಯದಲ್ಲಿ ವಿಜಯಪುರದವರಿಗೆ ಹತ್ತಿರದ ನಿದರ್ಶನವೊಂದಿದೆ. ಉಪ್ಪಲಿ ಬುರುಜಿನ ಮೇಲಿರುವ ಮೂವತ್ತು ಅಡಿಯ ಫಿರಂಗಿಯನ್ನು ಎರಕ ಹೊಯ್ದಿಲ್ಲ. ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ, ಬಳೆ ತೊಡಿಸಿ, ಬೆಸೆದು ಮಾಡಿದ್ದು. ಡಮಾಸ್ಕಸ್ ನಳಿಗೆಯಲ್ಲೂ ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಸಲಾಕೆಗೆ ಸುತ್ತಿ, ಕಾಸಿ ಬಡಿದು ಬೆಸೆಯುತ್ತಿದ್ದರು. ಎರಡರ ಬಲವೂ ಬೆಸುಗೆಯ ಮೇಲೆ ನಿಂತಿದೆ. ಕರಿಮದ್ದಿನ ಮಸಿ ತೇವ ಹೀರಿ ಒಳಗೋಡೆಯನ್ನು ತಿನ್ನುತ್ತದೆ. ಮಲೆನಾಡಿನ ಮಳೆಯಲ್ಲಿ ಹೊಡೆದ ದಿನವೇ ತೊಳೆಯದಿದ್ದರೆ ಗುಳಿ ಬೀಳುತ್ತದೆ. ಹಾಗೆಂದು ಡಮಾಸ್ಕಸ್ ನಳಿಗೆಗಳೆಲ್ಲವೂ ನಿರುಪಯುಕ್ತ ಎನ್ನುವುದನ್ನು ನಾನು ಒಪ್ಪಲಾರೆ. ನೈಟ್ರೋ ಪರೀಕ್ಷೆ ದಾಟಿದ ಡಮಾಸ್ಕಸ್ ಕೋವಿಗಳೂ ಇವೆ. ಗೋಡೆಯ ದಪ್ಪವನ್ನು ಬಲ್ಲವರು ಅಳೆದು ನೋಡಿದ ಮೇಲಷ್ಟೇ ತೀರ್ಪು ಹೇಳಬೇಕು.

ಕೊಡಗಿನಲ್ಲಿ ಇಂಥ ಕೋವಿಗಳಿಗೆ ಬೇಟೆಯ ಹೊರಗೂ ಕೆಲಸವಿದೆ, ಅವು ಉಳಿದು ಬಂದಿರುವುದಕ್ಕೆ ಅದೂ ಕಾರಣ. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು. ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಗುಂಡಿನ ಸದ್ದಾಗಬೇಕು. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳಿಗೆ ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜಿಸುತ್ತಾರೆ, ಬಳಿಕ ತೆಂಗಿನಕಾಯಿಗೆ ಗುರಿಯಿಡುತ್ತಾರೆ. 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆ ನಿಂತರೂ ಈ ಆಚರಣೆಗಳು ನಿಲ್ಲಲಿಲ್ಲ. ಸೂಚನೆಯ ಸದ್ದಿಗೆ ಭಾರಿ ಭರ್ತಿ ಬೇಕಿಲ್ಲ.

ಕಾನೂನು ಮಾತ್ರ ಬೇರೆ ಜಾಡಿನಲ್ಲಿದೆ. 1959ರ ಆಯುಧ ಕಾಯ್ದೆ ಬೆಳೆ ಕಾಯುವ ರೈತನಿಗೆ ಮೂತಿಯಿಂದ ತುಂಬುವ ಕೋವಿಯ ಪರವಾನಗಿಗೆ ಪ್ರತ್ಯೇಕ ಅವಕಾಶ ಇಟ್ಟಿದೆ. ಇಂಡಿಯ ರೈತನಿಗೂ ಅದು ಅನ್ವಯ. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಮದ್ದುಗುಂಡು ತಯಾರಿಕೆಯನ್ನು ಕಾಯ್ದೆಯ 5ನೇ ಕಲಂ ಪರವಾನಗಿಗೆ ಒಳಪಡಿಸುತ್ತದೆ. ಹಾಗಾಗಿ ಹಳೆಯ ಕೋವಿಯವರು ಅಂಗಡಿಯ ತೋಟಾವನ್ನೇ, ಹೆಚ್ಚಾಗಿ ಪುಣೆಯ ಖಡಕಿ ಕಾರ್ಖಾನೆಯ ‘ಶಕ್ತಿಮಾನ್’ ತೋಟಾವನ್ನೇ, ನೆಚ್ಚಬೇಕು. ಪೆಟ್ಟಿಗೆಯ ಮೇಲಿನ ಉದ್ದವನ್ನು ನಳಿಗೆಯ ಮುದ್ರೆಯೊಂದಿಗೆ ತಾಳೆ ನೋಡುವ ಹೊಣೆ ಅವರದೇ ಆಗುತ್ತದೆ.

ಈ ಸಂಶೋಧನೆಯ ಮುಂದಿನ ಹೆಜ್ಜೆ ಕೈಲ್‌ಪೊಳ್ದ್ ದಿನವೇ ನಡೆಯಬಹುದು. ಮನೆಗಳ ಕೋವಿಗಳೆಲ್ಲ ಅಂದು ಹೊರಗೆ ಬಂದಿರುತ್ತವೆ. ಒಪ್ಪಿಗೆ ಪಡೆದು ಪ್ರತಿಯೊಂದರ ತಯಾರಕ, ನಳಿಗೆಯ ಬಗೆ, ಪರೀಕ್ಷಾ ಮುದ್ರೆ, ಚೇಂಬರ್ ಉದ್ದ, ಇವಿಷ್ಟನ್ನು ಬರೆದಿಟ್ಟುಕೊಂಡರೆ ಯಾವ ಕೋವಿ ಯಾವ ತೋಟಾ ತಾಳುತ್ತದೆ ಎಂಬುದು ಮನೆಯವರಿಗೇ ತಿಳಿಯುತ್ತದೆ.