ಪತ್ರಹರಿತ್ತಿನ ಪೂರ್ವೋತ್ತರ

ರಾಜ್ಯೋತ್ಸವದ ಸಂಚಿಕೆಯೆಂದ ಮೇಲೆ ಕದಂಬರು, ಚಾಲುಕ್ಯರು, ವಿಜಯನಗರದ ಅರಸರು ಬರುವುದು ವಾಡಿಕೆ. ಎಲೆಯ ಹಸುರಿಗೆ ಇಲ್ಲೇನು ಕೆಲಸವೆಂದು ವಾಚಕರು ಕೇಳಿದರೆ ತಪ್ಪೇನೂ ಇಲ್ಲ. ಆದರೆ ಪುಣೆಯಲ್ಲಿ ನೆಲೆಸಿದ ನಮಗೆ ನವೆಂಬರ್ ಒಂದನೆಯ ತಾರೀಖೆಂದರೆ ವೇತಾಳ ಟೇಕಡಿಯ ಹುಲ್ಲು ಬಣ್ಣಗೆಡುವ ಕಾಲವೂ ಹೌದು. ಶ್ರಾವಣ ಭಾದ್ರಪದಗಳಲ್ಲಿ ಕಣ್ಣು ತುಂಬುವಂತೆ ಹಸುರಾಗಿದ್ದ ಗುಡ್ಡವು ದೀಪಾವಳಿ ಕಳೆಯುವುದರೊಳಗೆ ಹೊಂಬಣ್ಣಕ್ಕೆ ತಿರುಗಿ, ಬರಬರುತ್ತ ಒಣಕಲಾಗುತ್ತದೆ. ಹೀಗೊಂದು ಸಂಜೆ ಗುಡ್ಡವಿಳಿಯುತ್ತಿದ್ದಾಗ ನಮ್ಮ ಮನೆಯ ಹುಡುಗಿ, "ಇಷ್ಟೊಂದು ಹಸುರು ಎಲ್ಲಿಗೆ ಹೋಯಿತು?" ಎಂದು ಕೇಳಿದಳು. ಪ್ರಶ್ನೆ ಕನ್ನಡದಲ್ಲಿತ್ತು, ಹಸುರಿಗೆ ಅವಳಿಟ್ಟ ಹೆಸರು ಮಾತ್ರ ಶಾಲೆಯ ಮರಾಠಿ ಪುಸ್ತಕದ 'ಹರಿತದ್ರವ್ಯ'. ಅದನ್ನು ನಮ್ಮಲ್ಲಿ 'ಪತ್ರಹರಿತ್ತು' ಎನ್ನುತ್ತಾರೆಂದು ಹೇಳಿಕೊಟ್ಟೆವು. ಹೆಸರು ಹೇಳಿದಷ್ಟು ಸುಲಭವಾಗಿ ಉತ್ತರ ಹೇಳಲಾಗಲಿಲ್ಲ. ಮನೆಗೆ ಬಂದು ಹುಡುಕುತ್ತ ಹೋದಾಗ ಇನ್ನೂರು ವರ್ಷಗಳ ಒಂದು ದೊಡ್ಡ ಕಥೆಯೇ ಸಿಕ್ಕಿತು. ಅದನ್ನೇ ಇಲ್ಲಿ ನಿವೇದಿಸುತ್ತಿದ್ದೇವೆ.

ಎಲೆಯ ಹಸುರಿಗೆ 'ಕ್ಲೋರೋಫಿಲ್' ಎಂದು ಹೆಸರಿಟ್ಟವರು ಪ್ಯಾರಿಸಿನ ಇಬ್ಬರು ಔಷಧ ತಯಾರಕರು, ಪೆಲೆತಿಯೇ ಮತ್ತು ಕಾವಂತು, ವರ್ಷ 1817. ಮೂರು ವರ್ಷಗಳ ತರುವಾಯ ಸಿಂಕೋನಾ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿ ಚಳಿಜ್ವರದವರ ಪ್ರಾಣ ಉಳಿಸಿದವರೂ ಇವರೇ. ಹೆಸರೇನೋ ಬಂತು. ಆ ಹೆಸರಿನ ವಸ್ತು ಒಂದೋ ಹಲವೋ, ಎಲೆಯೊಳಗೆ ಅದು ಯಾವ ಸ್ಥಿತಿಯಲ್ಲಿದೆ ಎಂಬುದು ಮುಂದೆ ಎಂಬತ್ತು ವರ್ಷಗಳಾದರೂ ಇತ್ಯರ್ಥವಾಗಲಿಲ್ಲ. ಇದನ್ನು ಬಿಡಿಸಹೊರಟ ಮಿಖಾಯಿಲ್ ತ್ಸ್ವೆಟ್ ಎಂಬಾತನೇ ನಮ್ಮ ಕಥೆಯ ನಾಯಕ. ರಷ್ಯನ್ ನುಡಿಯಲ್ಲಿ 'ತ್ಸ್ವೆಟ್' ಎಂದರೆ ಬಣ್ಣ. ಹೆಸರಿಗೆ ತಕ್ಕ ಕೆಲಸ ಸಿಗುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ!

ಪರಸ್ಥಳದಲ್ಲಿ ಬಾಳುವ ನಮ್ಮಂಥವರಿಗೆ ಈತನ ಜೀವನ ಬೇಗ ಅರ್ಥವಾಗುತ್ತದೆ. ತಂದೆ ರಷ್ಯದವನು. ಮಗ ಹುಟ್ಟಿದ್ದು 1872ರಲ್ಲಿ ಇಟಲಿಯ ಆಸ್ತಿ ಎಂಬ ಊರಿನಲ್ಲಿ. ತಾಯಿ ಬಹು ಬೇಗ ತೀರಿಕೊಂಡಳು. ಬೆಳೆದು ಓದಿದ್ದು ಸ್ವಿಟ್ಜರ್ಲೆಂಡಿನಲ್ಲಿ, ಫ್ರೆಂಚ್ ಭಾಷೆಯಲ್ಲಿ. ಜಿನೀವಾದಲ್ಲಿ 1896ರಲ್ಲಿ ಡಾಕ್ಟರೇಟ್ ಪಡೆದು ತಂದೆಯ ನಾಡಿಗೆ ಹೋದರೆ, ಅಲ್ಲಿ ಆ ಪದವಿಗೆ ಮನ್ನಣೆಯೇ ಇಲ್ಲ. ಮರಳಿ ಮೊದಲಿನಿಂದ ಪರೀಕ್ಷೆ ಕೊಟ್ಟು, ಕಜಾನ್ ವಿಶ್ವವಿದ್ಯಾಲಯಕ್ಕೆ ಇನ್ನೊಂದು ಪ್ರಬಂಧ ಬರೆಯಬೇಕಾಯಿತು. ಅದು 1901ರ ಮಾತು. ಅಲ್ಲಿಂದ ವಾರ್ಸಾಗೆ.

ಈತನನ್ನು ಕಾಡಿದ ಪ್ರಶ್ನೆ ನೋಡಲು ಬಹಳ ಸಣ್ಣದು. ಎಲೆಯಿಂದ ಹೊರತೆಗೆದ ಪತ್ರಹರಿತ್ತು ಪೆಟ್ರೋಲಿಯಂ ಈಥರಿನಲ್ಲಿ ಸಲೀಸಾಗಿ ಕರಗುತ್ತದೆ. ಆದರೆ ಅದೇ ದ್ರವವನ್ನು ಅರೆದ ಎಲೆಯ ಮೇಲೆ ಸುರಿದರೆ ಹಳದಿ ಬಣ್ಣವಷ್ಟೇ ಇಳಿದುಬರುತ್ತದೆ, ಹಸುರು ಜಗ್ಗುವುದಿಲ್ಲ. ಎರಡು ಹನಿ ಆಲ್ಕೋಹಾಲ್ ಬೆರೆಸಿದರೆ ಹಸುರೂ ಇಳಿಯುತ್ತದೆ. ಏಕೆ? ಎಲೆಯೊಳಗೆ ಹಸುರು ಬಿಡಿಯಾಗಿಲ್ಲ, ಯಾವುದಕ್ಕೋ ಅಂಟಿಕೊಂಡಿದೆ. ಆ ಅಂಟನ್ನು ಬಿಡಿಸುವುದೇ ಆಲ್ಕೋಹಾಲ್ ಎಂದು ತ್ಸ್ವೆಟ್ ತರ್ಕಿಸಿದನು. ರಕ್ತದಲ್ಲಿ ಕೆಂಪು ಬಣ್ಣವು ಪ್ರೋಟೀನಿನೊಡನೆ ಕೂಡಿಕೊಂಡು ಹಿಮೋಗ್ಲೋಬಿನ್ ಆಗಿರುವಂತೆ ಎಲೆಯಲ್ಲಿಯೂ ಹಸುರು ಪ್ರೋಟೀನಿನೊಡನೆ ಕೂಡಿರಬೇಕೆಂದು ಊಹಿಸಿ, ಆ ಜೋಡಿಗೆ 'ಕ್ಲೋರೋಗ್ಲೋಬಿನ್' ಎಂದು ಹೆಸರನ್ನೂ ಇಟ್ಟನು. ಇದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಬೇಕಾಗುತ್ತದೆ.

ಅಂಟುವ ಗುಣವಿದ್ದರೆ ಅದನ್ನೇ ಉಪಯೋಗಿಸಿಕೊಳ್ಳಬಹುದಲ್ಲ ಎಂಬುದು ಅವನ ಮುಂದಿನ ಯೋಚನೆ. ನೂರಕ್ಕೂ ಹೆಚ್ಚು ಬಗೆಯ ಪುಡಿಗಳನ್ನು ಪರೀಕ್ಷಿಸಿದನು. ಗಾಜಿನ ಸಣ್ಣ ಕೊಳವೆಯಲ್ಲಿ ಸೀಮೆಸುಣ್ಣದ ಪುಡಿಯನ್ನು ಗಿಡಿದು, ಮೇಲಿನಿಂದ ಎಲೆಯ ರಸವನ್ನು ಹನಿಸಿ, ಹಿಂದೆಯೇ ಶುದ್ಧ ದ್ರವವನ್ನು ಬಿಡುತ್ತ ಬಂದರೆ, ಬಣ್ಣಗಳು ಒಂದೊಂದೂ ತನ್ನ ತನ್ನ ಅಂಟಿಗೆ ತಕ್ಕಂತೆ ಹಿಂದೆ ಮುಂದೆ ಸರಿದು, ಇಳಕಲ್ ಸೀರೆಯ ಅಂಚಿನ ಪಟ್ಟೆಗಳಂತೆ ಬೇರೆ ಬೇರೆಯಾಗಿ ನಿಂತವು. ಹಳದಿಯ ಪಟ್ಟೆಗಳು ಹಲವು, ಹಸುರಿನವು ಎರಡು. ನೀಲಿ ಛಾಯೆಯದು ಒಂದು, ಹಳದಿ ಛಾಯೆಯದು ಇನ್ನೊಂದು. ಇಂದು 'ಎ' ಮತ್ತು 'ಬಿ' ಎಂದು ಕರೆಯುವ ಪತ್ರಹರಿತ್ತುಗಳು ಇವೇ. ಈ ಮಾರ್ಗವನ್ನು 1903ರಲ್ಲಿ ವಾರ್ಸಾದ ಸಭೆಯೊಂದರಲ್ಲಿ ಹೇಳಿ, 1906ರಲ್ಲಿ ಜರ್ಮನ್ ಪತ್ರಿಕೆಯಲ್ಲಿ ಪ್ರಕಟಿಸಿ, 'ಕ್ರೊಮಟಾಗ್ರಫಿ' ಎಂದು ಕರೆದನು. ಇಂದು ಔಷಧ ಪರೀಕ್ಷೆಯ ಯಾವ ಪ್ರಯೋಗಶಾಲೆಗೆ ಹೋದರೂ ಈ ಹೆಸರು ಕೇಳಿಬರುತ್ತದೆ.

ಆದರೆ ಆಗ ಕೇಳಿದವರು ಕಡಮೆ. ಪತ್ರಹರಿತ್ತಿನ ವಿಷಯದಲ್ಲಿ ಅಂದು ಜಗತ್ತು ಕಿವಿಗೊಡುತ್ತಿದ್ದುದು ಜ್ಯೂರಿಕ್ ನಗರದಲ್ಲಿದ್ದ ರಿಚರ್ಡ್ ವಿಲ್‌ಸ್ಟೇಟರನ ಮಾತಿಗೆ. ಈತನೂ ಸಾಮಾನ್ಯನಲ್ಲ. ಇನ್ನೂರಕ್ಕೂ ಹೆಚ್ಚು ಜಾತಿಯ ಗಿಡಗಳ ಎಲೆಗಳನ್ನು ಒಣಗಿಸಿ ಪರೀಕ್ಷಿಸಿ, ಎಲ್ಲದರಲ್ಲಿಯೂ ಇರುವುದು ಅದೇ ಹಸುರೆಂದೂ, ಅದರಲ್ಲಿ 'ಎ' ಮೂರು ಪಾಲು 'ಬಿ' ಒಂದು ಪಾಲು ಇರುತ್ತದೆಂದೂ, ಅಣುವಿನಲ್ಲಿ ಮೆಗ್ನೀಸಿಯಂ ಇದೆಯೆಂದೂ ತೋರಿಸಿ 1915ರ ನೊಬೆಲ್ ಪಾರಿತೋಷಕ ಪಡೆದನು. ತ್ಸ್ವೆಟ್‌ನ ಸೀಮೆಸುಣ್ಣದ ಕೊಳವೆಯಲ್ಲಿ ಮಾತ್ರ ಅವನ ಬಳಗಕ್ಕೆ ನಂಬಿಕೆ ಹುಟ್ಟಲಿಲ್ಲ. ತ್ಸ್ವೆಟ್ ತನ್ನ ವಿಧಾನವನ್ನೆಲ್ಲ ವಿವರವಾಗಿ ಹೇಳಿದ ದೊಡ್ಡ ಗ್ರಂಥ 1910ರಲ್ಲಿ ಹೊರಬಿದ್ದಿತು. ಅದು ರಷ್ಯನ್ ಭಾಷೆಯಲ್ಲಿತ್ತು. ಪಶ್ಚಿಮದಲ್ಲಿ ಅದನ್ನು ಓದಬಲ್ಲ ರಸಾಯನಶಾಸ್ತ್ರಿಗಳೆಷ್ಟು ಮಂದಿ?

ಆಮೇಲೆ ಬಂದುದು ಯುದ್ಧ. ಜರ್ಮನರು 1915ರಲ್ಲಿ ವಾರ್ಸಾವನ್ನು ಹಿಡಿದಾಗ ತ್ಸ್ವೆಟ್ ಕೆಲಸ ಬಿಟ್ಟು ಹೊರಡಬೇಕಾಯಿತು. ಕೊನೆಗೆ ಯೂರ್ಯೆವ್ ಎಂಬಲ್ಲಿ ಪ್ರಾಧ್ಯಾಪಕನಾದನು. 1918ರಲ್ಲಿ ಅದೂ ಜರ್ಮನರ ಕೈಸೇರಿತು. ವೊರೋನೆಷ್ ಊರಿಗೆ ಸಾಗಿಸಲ್ಪಟ್ಟು, 1919ರ ಜೂನಿನಲ್ಲಿ, ನಾಲ್ವತ್ತೇಳರ ವಯಸ್ಸಿನಲ್ಲಿ ತೀರಿಕೊಂಡನು. ಸರಿಸುಮಾರು ಅದೇ ದಿನಗಳಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಕನ್ನಡದಲ್ಲಿ 'ವಿಜ್ಞಾನ'ವೆಂಬ ಪತ್ರಿಕೆಯನ್ನು ಹೊರಡಿಸುತ್ತಿದ್ದರೆಂಬುದು ನಮಗೆ ನೆನಪಾಗುತ್ತದೆ. ತನ್ನ ನುಡಿಯಲ್ಲಿ ಶಾಸ್ತ್ರ ಬರೆದವನಿಗೆ ಓದುಗರು ಸಿಗುವುದೆಷ್ಟು ಕಷ್ಟವೆಂಬುದನ್ನು ಅವರೂ ಬಲ್ಲವರೇ.

ತ್ಸ್ವೆಟ್‌ನ ರಷ್ಯನ್ ಗ್ರಂಥ ಉಳಿದ ಬಗೆ ವಿಚಿತ್ರವಾದುದು. ಅದನ್ನು ಜರ್ಮನ್ ಭಾಷೆಗೆ ಅನುವಾದ ಮಾಡಿಸಿ ಇಟ್ಟುಕೊಂಡವನು ವಿಲ್‌ಸ್ಟೇಟರನೇ! ಆ ಹಸ್ತಪ್ರತಿ ಅವನಿಂದ ಶಿಷ್ಯನಾದ ರಿಚರ್ಡ್ ಕೂನನಿಗೂ, ಅವನ ಪ್ರಯೋಗಶಾಲೆಗೆ ಬಂದ ಎಡ್ಗರ್ ಲೆಡರರ್ ಎಂಬ ತರುಣನಿಗೂ ದೊರೆಯಿತು. ಲೆಡರರ್ ಓದಿದನು, ಕೊಳವೆಗೆ ಪುಡಿ ಗಿಡಿದನು, 1931ರಲ್ಲಿ ಬಣ್ಣಗಳನ್ನು ಬೇರ್ಪಡಿಸಿ ತೋರಿಸಿದನು. ತ್ಸ್ವೆಟ್ ಸತ್ತು ಹನ್ನೆರಡು ವರ್ಷಗಳಾಗಿದ್ದವು. ವಿಲ್‌ಸ್ಟೇಟರನ ಪಾಡೂ ಸುಖವಾಗಿರಲಿಲ್ಲ. ಯಹೂದಿಯರ ಮೇಲಿನ ದ್ವೇಷಕ್ಕೆ ಬೇಸತ್ತು 1924ರಲ್ಲಿ ಮ್ಯೂನಿಕ್ಕಿನ ಪೀಠವನ್ನು ತ್ಯಜಿಸಿದ್ದನು. 1939ರಲ್ಲಿ ದೇಶವನ್ನೇ ಬಿಟ್ಟು ಸ್ವಿಟ್ಜರ್ಲೆಂಡಿಗೆ ಓಡಿಹೋಗಬೇಕಾಯಿತು.

ಅಣುವಿನ ರೂಪರೇಖೆಯನ್ನು 1940ರ ಹೊತ್ತಿಗೆ ಮ್ಯೂನಿಕ್ಕಿನ ಹಾನ್ಸ್ ಫಿಷರ್ ಬಹುಮಟ್ಟಿಗೆ ಗೊತ್ತುಮಾಡಿದನು. ಸಾರಜನಕವುಳ್ಳ ನಾಲ್ಕು ಸಣ್ಣ ಉಂಗುರಗಳು ಕೂಡಿ ಒಂದು ದೊಡ್ಡ ಉಂಗುರ. ನಟ್ಟನಡುವೆ ಮೆಗ್ನೀಸಿಯಂ ಪರಮಾಣು. ಪಕ್ಕಕ್ಕೆ ಐದನೆಯದೊಂದು ಪುಟ್ಟ ಉಂಗುರ. ಇಪ್ಪತ್ತು ಇಂಗಾಲದ ಪರಮಾಣುಗಳ ಉದ್ದನೆಯ ಬಾಲ. ಯುದ್ಧದ ಬಾಂಬುಗಳು ತನ್ನ ಪ್ರಯೋಗಶಾಲೆಯನ್ನು ನೆಲಸಮ ಮಾಡಿದ ಮೇಲೆ 1945ರಲ್ಲಿ ಫಿಷರ್ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಅಮೆರಿಕದ ವುಡ್‌ವರ್ಡ್ 1960ರಲ್ಲಿ ಪತ್ರಹರಿತ್ತು 'ಎ'ಯನ್ನು ಕೈಯಿಂದಲೇ ಕಟ್ಟಿ ತೋರಿಸಿದಾಗ ಫಿಷರನ ಚಿತ್ರ ಸರಿಯೆಂದು ಸ್ಥಿರಪಟ್ಟಿತು.

ಅಣು ಗೊತ್ತಾದರೆ ಎಲೆಯ ಕೆಲಸವೂ ಗೊತ್ತಾದಂತೆ ಎಂದು ಅನೇಕರು ನಂಬಿದ್ದರು. ಈ ನಂಬಿಕೆಗೆ ಪೆಟ್ಟು ಕೊಟ್ಟವರು ಎಮರ್ಸನ್ ಮತ್ತು ಆರ್ನಲ್ಡ್. ಅವರು 1932ರಲ್ಲಿ ಕೆರೆಯ ಪಾಚಿಯ ಜಾತಿಯ ಕ್ಲೋರೆಲ್ಲಾಕ್ಕೆ ಮಿಂಚಿನಂತೆ ಕ್ಷಣಮಾತ್ರ ಬೆಳಕು ಕೊಟ್ಟು, ಒಂದು ಮಿಂಚಿಗೆ ಎಷ್ಟು ಆಮ್ಲಜನಕ ಹೊರಬರುವುದೆಂದು ಅಳೆದರು. ಸುಮಾರು 2400 ಪತ್ರಹರಿತ್ತಿನ ಅಣುಗಳಿಗೆ ಆಮ್ಲಜನಕದ ಒಂದೇ ಅಣು! ಹಾಗಾದರೆ ಉಳಿದವು ಸೋಮಾರಿಗಳೇ? ಅಲ್ಲ. ಊರ ಸುತ್ತಲ ಹೊಲಗದ್ದೆಗಳ ಮೇಲೆ ಬಿದ್ದ ಮಳೆನೀರೆಲ್ಲ ಹರಿದು ಒಂದು ಕೆರೆಗೆ ಸೇರುವಂತೆ, ನೂರಾರು ಅಣುಗಳು ಹಿಡಿದ ಬೆಳಕು ಒಂದರಿಂದೊಂದಕ್ಕೆ ದಾಟಿ ಒಂದು ಕೇಂದ್ರವನ್ನು ಮುಟ್ಟುತ್ತದೆ. ಕೆಲಸ ನಡೆಯುವುದು ಅಲ್ಲಿ. ಆದುದರಿಂದ ಒಂಟಿ ಅಣುವಿನ ಚಿತ್ರ ಸಾಲದು, ಅವು ಗುಂಪಾಗಿ ಹೇಗೆ ಕುಳಿತಿವೆಯೆಂಬುದು ತಿಳಿಯಬೇಕು.

ಅಣುಗಳು ಗುಂಪುಗೂಡುವ ಮಾತು ಬಂದಾಗ ನಮ್ಮ ಪುಣೆಯನ್ನು ಮರೆಯಲಾಗದು. ಪಾಷಾಣ ರಸ್ತೆಯ ರಾಷ್ಟ್ರೀಯ ರಸಾಯನ ಪ್ರಯೋಗಶಾಲೆಯನ್ನು ಪಂಡಿತ ನೆಹರೂ 1950ರ ಜನವರಿ 3ರಂದು ಉದ್ಘಾಟಿಸಿದರಷ್ಟೆ. ಅದರ ಮೊದಲ ನಿರ್ದೇಶಕರಾದ ಮೆಕ್‌ಬೇನ್ ಅವರು ಸಾಬೂನಿನ ಅಣುಗಳು ನೀರಿನಲ್ಲಿ ಬಿಡಿಬಿಡಿಯಾಗಿರದೆ ತಾವಾಗಿಯೇ ಗುಂಪುಗೂಡುತ್ತವೆಂದು ಮೊದಲು ವಾದಿಸಿ ಸಾಧಿಸಿದವರು. ನೀರನ್ನು ಒಲ್ಲದ ಬಾಲಗಳು ಒಳಕ್ಕೆ, ನೀರಿಗೆ ಒಲಿದ ತಲೆಗಳು ಹೊರಕ್ಕೆ. ಅವರ ತರುವಾಯ ಬಂದ ಜಾರ್ಜ್ ಫಿಂಚ್ ಅವರು 1922ರಲ್ಲಿ ಬೆನ್ನಿಗೆ ಆಮ್ಲಜನಕದ ಸಿಲಿಂಡರು ಕಟ್ಟಿಕೊಂಡು ಎವರೆಸ್ಟಿನಲ್ಲಿ 8,300 ಮೀಟರು ಎತ್ತರದವರೆಗೆ ಏರಿದ್ದ ಸಾಹಸಿ. ಎಲೆ ನಮಗೆ ಪುಕ್ಕಟೆ ಕೊಡುವುದನ್ನು ಅವರು ಹೊತ್ತು ನಡೆಯಬೇಕಾಯಿತು. ಇವರಾರೂ ಪತ್ರಹರಿತ್ತಿನ ಮೇಲೆ ಹೆಸರು ಮಾಡಿದವರಲ್ಲ. ಆದರೆ ಪತ್ರಹರಿತ್ತಿಗೂ ಸಾಬೂನಿನಂತೆ ತಲೆಯುಂಟು, ನೀರೊಲ್ಲದ ಬಾಲವುಂಟು. ನೀರು ಕಂಡರೆ ಅದೂ ಗುಂಪುಗೂಡುತ್ತದೆ.

ಇದನ್ನು ಮನೆಯಲ್ಲಿಯೇ ನೋಡಬಹುದು. ನಾವು ನೋಡಿದೆವು. ನಾಲ್ಕು ಪಾಲಕ್ ಎಲೆಗಳನ್ನು ಅರೆದು ಸ್ಪಿರಿಟ್ಟಿನಲ್ಲಿ ಕಲಸಿ, ಅರಳೆಯಲ್ಲಿ ಸೋಸಿದರೆ ಅಚ್ಚ ಹಸುರು ರಸ ಬರುತ್ತದೆ. (ಒಲೆಯ ಹತ್ತಿರ ಕೂಡದು.) ಕತ್ತಲೆಯ ಕೋಣೆಯಲ್ಲಿ ಅದರ ಮೇಲೆ ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಬ್ಯಾಟರಿ ಹಿಡಿದರೆ ಹಸುರು ರಸವು ರಕ್ತದಂತೆ ಕೆಂಪಾಗಿ ಹೊಳೆಯುತ್ತದೆ. ಹಿಡಿದ ಬೆಳಕಿಗೆ ಮಾಡಲು ಕೆಲಸವಿಲ್ಲದ್ದರಿಂದ ಅಣು ಅದನ್ನು ಕೆಂಪಾಗಿ ಹಿಂದಿರುಗಿಸುತ್ತದೆ. ಈಗ ರಸಕ್ಕೆ ಧಾರಾಳವಾಗಿ ನೀರು ಬೆರೆಸಿರಿ. ಅಣುಗಳು ಮುದ್ದೆಗಟ್ಟುತ್ತವೆ, ಹೊಳಪು ಕುಂದುತ್ತದೆ. ಶಕ್ತಿ ಬಿಸಿಯಾಗಿ ಸೋರಿಹೋಯಿತೆಂದು ಅರ್ಥ.

ವಿದ್ವಾಂಸರಿಗೆ ಒಗಟಾದುದು ಇದೇ. ಅಡ್ಡಾದಿಡ್ಡಿಯಾಗಿ ಒತ್ತೊತ್ತಾಗಿ ಸೇರಿದರೆ ಬೆಳಕು ವ್ಯರ್ಥ. ಎಲೆಯಲ್ಲಿಯಾದರೋ ಅಣುಗಳು ಬಹು ದಟ್ಟವಾಗಿವೆ, ಬೆಳಕು ವ್ಯರ್ಥವಾಗುವುದಿಲ್ಲ. ಅಮೆರಿಕದ ಆರ್ಗಾನ್ ಪ್ರಯೋಗಶಾಲೆಯಲ್ಲಿ ಜೋಸೆಫ್ ಕಾಟ್ಜ್ ಮತ್ತು ಸಂಗಡಿಗರು 1960ರ ದಶಕದಲ್ಲಿ, ಒಂದು ಅಣುವಿನ ಆಮ್ಲಜನಕವು ಪಕ್ಕದ ಅಣುವಿನ ಮೆಗ್ನೀಸಿಯಮ್ಮನ್ನು ಹಿಡಿದುಕೊಳ್ಳುವ ಬಗೆಯನ್ನು ತೋರಿಸಿದರು. ಯಾವ ಕೈ ಯಾರನ್ನು ಹಿಡಿದಿದೆ, ಯಾವುದು ಬರಿದಾಗಿದೆಯೆಂಬುದನ್ನು ಮುಂದೆ ಹೇಳಿಕೊಟ್ಟ ಉಪಾಯಗಳಲ್ಲಿ ನಮ್ಮ ಬೆಂಗಳೂರಿನಲ್ಲಿ ಬಾಳಿದ ಸರ್ ಸಿ. ವಿ. ರಾಮನ್ನರ ಹೆಸರಿನ ರೋಹಿತವೂ ಒಂದು.

ಒಗಟು ಪೂರ್ತಿ ಒಡೆದುದು ಹರಳುಗಳಿಂದ. ಬೆಳಕುಂಡು ಬದುಕುವ ಒಂದು ಬ್ಯಾಕ್ಟೀರಿಯದ ಪ್ರೋಟೀನನ್ನು 1975ರಲ್ಲಿ ಫೆನ್ನಾ ಮತ್ತು ಮ್ಯಾಥ್ಯೂಸ್ ಕ್ಷ-ಕಿರಣದಲ್ಲಿ ನೋಡಿದಾಗ ಅದರ ಒಡಲಲ್ಲಿ ಏಳು ಪತ್ರಹರಿತ್ತುಗಳು ತಮತಮಗೆ ಗೊತ್ತಾದ ಸ್ಥಳದಲ್ಲಿ ಕುಳಿತಿದ್ದವು. ಬೆಳಕು ಬಂದು ಮುಟ್ಟುವ ಕೇಂದ್ರವನ್ನು 1985ರಲ್ಲಿ ಡೈಸೆನ್‌ಹೋಫರ್, ಹ್ಯೂಬರ್, ಮಿಖೆಲ್ ಎಂಬ ಜರ್ಮನರು ಕಂಡರು. ಮೂರು ವರ್ಷಗಳಲ್ಲಿ ನೊಬೆಲ್ ಬಂದಿತು. ಬರ್ಲಿನ್ನಿನವರು 2001ರಲ್ಲಿ ಬಿಡಿಸಿದ ಇನ್ನೊಂದು ಕಟ್ಟಡದಲ್ಲಿ ಇದ್ದುದು 96 ಪತ್ರಹರಿತ್ತುಗಳು. ಪ್ರತಿಯೊಂದಕ್ಕೂ ಪ್ರೋಟೀನೇ ಪೀಠ. ಎಷ್ಟು ದೂರ, ಯಾವ ಓರೆ ಎಂಬುದನ್ನು ಗೊತ್ತುಪಡಿಸುವುದು ಅದೇ. ಹೆಸರು ಬೇರೆಯಾಗಿರಬಹುದು, ವಾಸ್ತವವಾಗಿ ಇದು ತ್ಸ್ವೆಟ್ ಕಲ್ಪಿಸಿದ ಕ್ಲೋರೋಗ್ಲೋಬಿನ್ನೇ. ವೊರೋನೆಷ್‌ನಲ್ಲಿ ಮಣ್ಣಾದವನ ತರ್ಕ ನಿಜವಾಗಿತ್ತು.

ಇದಕ್ಕೂ ಅಪವಾದವುಂಟು. ಕಪ್ಪು ಸಮುದ್ರದಲ್ಲಿ ಸುಮಾರು 100 ಮೀಟರು ಆಳದ ಮಬ್ಬಿನಲ್ಲಿ ಬಾಳುವ ಹಸುರು ಬ್ಯಾಕ್ಟೀರಿಯಗಳು ತಮ್ಮ ಪತ್ರಹರಿತ್ತುಗಳನ್ನು ಪ್ರೋಟೀನಿನ ಪೀಠವಿಲ್ಲದೆ, ಸುತ್ತಿದ ಚಾಪೆಯಂತೆ ಸುರುಳಿಸುರುಳಿಯಾಗಿ ಪೇರಿಸಿಕೊಳ್ಳುತ್ತವೆ. ಅಣುಗಳು ಒಂದನ್ನೊಂದು ತಾವೇ ಹಿಡಿದುಕೊಳ್ಳುತ್ತವೆ. ಬೆಳಕಿನ ಒಂದು ಕಣವನ್ನೂ ಕೈಬಿಡಲಾಗದ ಬಡತನದಲ್ಲಿ ಇದೇ ಸರಿಹೊಂದಿತೆಂದು ತೋರುತ್ತದೆ.

ಇನ್ನು ನಮ್ಮ ಹುಡುಗಿಯ ಪ್ರಶ್ನೆ. ಹುಲ್ಲು ಒಣಗುವ ಮೊದಲು ಗಿಡವು ಪ್ರೋಟೀನನ್ನು ಕಳಚಿ ಅದರ ಸಾರಜನಕವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆಗ ಪತ್ರಹರಿತ್ತಿಗೆ ಪೀಠ ತಪ್ಪುತ್ತದೆ. ಪೀಠ ತಪ್ಪಿದ ಪತ್ರಹರಿತ್ತು ಬಿಸಿಲಿನಲ್ಲಿ ಬಲು ಅಪಾಯಕರವಾದ ವಸ್ತು. ಹಿಡಿದ ಶಕ್ತಿಯನ್ನು ಆಮ್ಲಜನಕಕ್ಕೆ ದಾಟಿಸಿ ಜೀವಕೋಶವನ್ನೇ ಸುಡಬಲ್ಲದು. ಆದುದರಿಂದ ಗಿಡವು ಅದನ್ನು ಹಾಗೆಯೇ ಬಿಡುವುದಿಲ್ಲ. ಮೆಗ್ನೀಸಿಯಮ್ಮನ್ನು ಕಿತ್ತು, ಬಾಲವನ್ನು ಬಿಡಿಸಿ, ದೊಡ್ಡ ಉಂಗುರವನ್ನು ಒಂದೆಡೆ ಕತ್ತರಿಸಿ, ಬಣ್ಣವೇ ಇಲ್ಲದ ನಿರುಪದ್ರವಿ ವಸ್ತುವನ್ನಾಗಿ ಮಾಡಿ ಜೀವಕೋಶದ ಒಂದು ಮೂಲೆಯ ಕೋಣೆಯಲ್ಲಿ ತುಂಬಿಡುತ್ತದೆ. ಬಣ್ಣವಿಲ್ಲದ್ದರಿಂದಲೇ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದರ ರೂಪವನ್ನು 1991ರಲ್ಲಿ ಮೊದಲು ಬಿಡಿಸಿದವರು ಮಾಟಿಲೆ, ಕ್ರಾಯ್ಟ್ಲರ್ ಮತ್ತು ಸಂಗಡಿಗರು. ಸ್ಥಳ ವಿಲ್‌ಸ್ಟೇಟರನ ಅದೇ ಜ್ಯೂರಿಕ್. ಅದು ಸಿಕ್ಕಿದ್ದು ಬಾರ್ಲಿಯ ಎಲೆಯಲ್ಲಿ. ಬಾರ್ಲಿಯೂ ಒಂದು ಹುಲ್ಲೇ.

ಹಸುರು ಎಲ್ಲಿಗೂ ಹೋಗಿಲ್ಲವಮ್ಮ, ಬಣ್ಣ ಕಳಚಿಟ್ಟು ಅಲ್ಲೇ ಒಳಗೆ ಕುಳಿತಿದೆ ಎಂದು ಮುಂದಿನ ಭಾನುವಾರ ಗುಡ್ಡದ ಮೇಲೆಯೇ ಹೇಳಿದೆವು. ಅವಳು ಒಣಹುಲ್ಲಿನ ಒಂದು ಎಸಳನ್ನು ಕಿತ್ತು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು.