ಪಿಕಪ್ ಎತ್ತರಿಸಿದರೆ ಅಪ್ಪರ್ ಕಂಟ್ರೋಲ್ ಆರ್ಮ್ ಬದಲಿಸಲೇಬೇಕೇ? ಕೊಳ್ಳುವ ಮುನ್ನ ಇದನ್ನು ಓದಿ

ಟೊಯೊಟಾ ಹೈಲಕ್ಸ್, ಇಸುಜು ವಿ-ಕ್ರಾಸ್‌ನಂತಹ ಪಿಕಪ್ ಇಟ್ಟುಕೊಂಡವರ ನಡುವೆ ಎರಡು ಮಾತು ಸದಾ ಓಡಾಡುತ್ತಿರುತ್ತವೆ. ಒಂದು: "ಗಾಡಿ ಲಿಫ್ಟ್ ಮಾಡಿಸಿದರೆ ಅಪ್ಪರ್ ಕಂಟ್ರೋಲ್ ಆರ್ಮ್ ಬದಲಿಸಲೇಬೇಕು, ಇಲ್ಲದಿದ್ದರೆ ಚಕ್ರ ಕಳಚುತ್ತದೆ." ಇನ್ನೊಂದು: "ಅದೆಲ್ಲ ಅಂಗಡಿಯವರ ವ್ಯಾಪಾರ. ಸ್ಪೇಸರ್ ಹಾಕಿಸಿ ಓಡಿಸಿ, ಏನೂ ಆಗಲ್ಲ." ಮೊದಲನೆಯದನ್ನು ನಂಬಿದರೆ ಬೇಡದ ಖರ್ಚು. ಎರಡನೆಯದನ್ನು ನಂಬಿದರೆ ಘಾಟಿ ರಸ್ತೆಯಲ್ಲಿ ಅಪಾಯ. ಹಾಗಾದರೆ ನಿಜ ಏನು? ನೋಡೋಣ.

ಚುಟುಕು ಉತ್ತರ

ಅಪ್ಪರ್ ಕಂಟ್ರೋಲ್ ಆರ್ಮ್ ಗಾಡಿಯನ್ನು ಎತ್ತರಿಸುವುದಿಲ್ಲ. ಎತ್ತರಿಸಿದ್ದರಿಂದ ಕೆಟ್ಟ ಚಕ್ರದ ಕೋನವನ್ನು ಸರಿಪಡಿಸುವುದಷ್ಟೇ ಅದರ ಕೆಲಸ. ಆದ್ದರಿಂದ ಅದು ಬೇಕೋ ಬೇಡವೋ ಎಂಬುದನ್ನು ಗಾಡಿಯ ಅಲೈನ್‌ಮೆಂಟ್ ರಿಪೋರ್ಟ್ ನೋಡಿ ತೀರ್ಮಾನಿಸಬೇಕು, ಜಾಹೀರಾತು ನೋಡಿ ಅಲ್ಲ.

ಏನಿದು ಅಪ್ಪರ್ ಕಂಟ್ರೋಲ್ ಆರ್ಮ್?

ಈ ಪಿಕಪ್‌ಗಳ ಮುಂದಿನ ಪ್ರತಿ ಚಕ್ರವನ್ನು ಎರಡು ತೋಳುಗಳು ಹಿಡಿದಿರುತ್ತವೆ. ಮೇಲಿನದು ಅಪ್ಪರ್ ಆರ್ಮ್, ಕೆಳಗಿನದು ಲೋವರ್ ಆರ್ಮ್. ತೋಳಿನ ಒಂದು ತುದಿ ಬುಷ್ ಮೂಲಕ ಚಾಸಿಗೆ ಸೇರಿದೆ. ಇನ್ನೊಂದು ತುದಿಯಲ್ಲಿ ಬಾಲ್ ಜಾಯಿಂಟ್ ಇದೆ. ನಮ್ಮ ಭುಜದ ಕೀಲಿನ ಹಾಗೆ ಅದು ಎಲ್ಲ ದಿಕ್ಕಿಗೂ ತಿರುಗುತ್ತದೆ, ಆದರೆ ಒಂದು ಮಿತಿಯವರೆಗೆ ಮಾತ್ರ.

ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಕೂತಿರುವುದು ಕೆಳಗಿನ ತೋಳಿನ ಮೇಲೆ. ಅಂದರೆ ಗಾಡಿಯ ಭಾರವನ್ನು ಹೊರುವುದು ಮೇಲಿನ ತೋಳಲ್ಲ. ಆದರೂ ಅದು ಕಮ್ಮಿಯದೇನಲ್ಲ. ಬ್ರೇಕ್ ಹಾಕಿದಾಗ, ತಿರುವಿನಲ್ಲಿ ತಿರುಗಿದಾಗ ಚಕ್ರದ ಮೇಲ್ಭಾಗ ವಾಲದಂತೆ ಹಿಡಿದಿಡುವುದು ಅದೇ. ಅದರ ಜಾಯಿಂಟ್ ಬಿಟ್ಟುಕೊಂಡರೆ ಚಕ್ರ ವಾಲಿ, ಸ್ಟಿಯರಿಂಗ್ ಮೇಲಿನ ಹಿಡಿತವೇ ತಪ್ಪುತ್ತದೆ.

ಜಿಮ್ನಿಯಂತಹ ಗಾಡಿಗಳಲ್ಲಿ ಮುಂದೆಯೂ ಸಾಲಿಡ್ ಆಕ್ಸಲ್ ಇರುವುದರಿಂದ ಈ ಲೇಖನದ ಮಾತು ಅವಕ್ಕೆ ಅನ್ವಯಿಸುವುದಿಲ್ಲ.

ಗಾಡಿ ಎತ್ತರಿಸಿದಾಗ ಏನಾಗುತ್ತದೆ?

ಸ್ಪೇಸರ್ ಅಥವಾ ಉದ್ದದ ಸ್ಪ್ರಿಂಗ್ ಹಾಕಿದಾಗ ಚಾಸಿ ಮೇಲೇಳುತ್ತದೆ, ಚಕ್ರ ನೆಲದಲ್ಲೇ ಇರುತ್ತದೆ. ಹಾಗಾಗಿ ತೋಳುಗಳು ಕೆಳಮುಖವಾಗಿ ಇಳಿಬೀಳುತ್ತವೆ. ಇದರಿಂದ ಮೂರು ತೊಂದರೆ.

1. ಬಾಲ್ ಜಾಯಿಂಟ್ ಮಿತಿ ಮುಟ್ಟುತ್ತದೆ. ದೊಡ್ಡ ಗುಂಡಿಗೆ ಚಕ್ರ ಇಳಿದಾಗ ಜಾಯಿಂಟ್ ಇನ್ನಷ್ಟು ಬಾಗಬೇಕು. ಲಿಫ್ಟ್‌ನಿಂದ ಮೊದಲೇ ಬಾಗಿದ್ದರೆ ಅದಕ್ಕೆ ಜಾಗವೇ ಉಳಿದಿರುವುದಿಲ್ಲ. ಪದೇ ಪದೇ ಹೀಗಾದರೆ ಜಾಯಿಂಟ್ ಬೇಗ ಸವೆಯುತ್ತದೆ.

2. ತೋಳು ಸ್ಪ್ರಿಂಗ್‌ಗೆ ತಾಗಬಹುದು. ಹೈಲಕ್ಸ್, ಅಮೆರಿಕದ ಟಕೋಮಾ ಮುಂತಾದವುಗಳಲ್ಲಿ ಮೇಲಿನ ತೋಳು ಸ್ಪ್ರಿಂಗ್ ಅನ್ನು ಬಳಸಿಕೊಂಡಂತೆ ಇರುತ್ತದೆ. ಚಕ್ರ ಪೂರ್ತಿ ಕೆಳಗಿಳಿದಾಗ ತೋಳು ಸ್ಪ್ರಿಂಗ್‌ಗೆ ಬಡಿದು 'ಟಕ್' ಎಂದು ಸದ್ದು ಬರುತ್ತದೆ.

3. ಕ್ಯಾಸ್ಟರ್ ಕಡಿಮೆಯಾಗುತ್ತದೆ. ಪಕ್ಕದಿಂದ ನೋಡಿದರೆ ಮೇಲಿನ ಬಾಲ್ ಜಾಯಿಂಟ್ ಕೆಳಗಿನದಕ್ಕಿಂತ ತುಸು ಹಿಂದಕ್ಕಿರುತ್ತದೆ. ಈ ಓರೆಗೆ ಕ್ಯಾಸ್ಟರ್ ಎನ್ನುತ್ತಾರೆ. ಸೈಕಲ್‌ನ ಮುಂದಿನ ಫೋರ್ಕ್ ಓರೆಯಾಗಿರುವುದೂ ಇಂಥದ್ದೇ ಕಾರಣಕ್ಕೆ. ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿಯೇ ನೇರಕ್ಕೆ ಬರುವುದು ಇದರಿಂದ. ಕ್ಯಾಸ್ಟರ್ ತಗ್ಗಿದರೆ ಹೈವೇಯಲ್ಲಿ ಗಾಡಿ ಅತ್ತಿತ್ತ ಎಳೆಯುತ್ತದೆ, ಚಾಲಕ ಸ್ಟಿಯರಿಂಗ್ ಸರಿಪಡಿಸುತ್ತಲೇ ಇರಬೇಕಾಗುತ್ತದೆ. ಹೊರಗಿನಿಂದ ಕೊಳ್ಳುವ ಒಳ್ಳೆಯ ಆರ್ಮ್‌ಗಳಲ್ಲಿ ಬಾಲ್ ಜಾಯಿಂಟ್ ಅನ್ನು ಸ್ವಲ್ಪ ಹಿಂದಕ್ಕೆ ಸರಿಸಿರುವುದು ಈ ನಷ್ಟವನ್ನು ತುಂಬಲಿಕ್ಕೆ.

ಯಾರಿಗೆ ಬೇಕು, ಯಾರಿಗೆ ಬೇಡ?

ಸಾಮಾನ್ಯ ಲೆಕ್ಕ ಹೀಗಿದೆ. ಲಿಫ್ಟ್ 2 ಇಂಚಿಗಿಂತ ಕಡಿಮೆ ಇದ್ದರೆ ಅನೇಕ ಗಾಡಿಗಳಲ್ಲಿ ಕಂಪನಿಯ ಆರ್ಮ್ ಸಾಕಾಗುತ್ತದೆ. 2ರಿಂದ 3 ಇಂಚಿನಲ್ಲಿ ಹೆಚ್ಚಿನವಕ್ಕೆ ಬೇರೆ ಆರ್ಮ್ ಬೇಕಾಗುತ್ತದೆ. ಆದರೆ ಮಾಡೆಲ್‌ನಿಂದ ಮಾಡೆಲ್‌ಗೆ ಇದು ಬದಲಾಗುತ್ತದೆ. ಆದ್ದರಿಂದ ಎರಡು ಪರೀಕ್ಷೆ ಮಾಡಿಸಿ.

ಮೊದಲನೆಯದು ವೀಲ್ ಅಲೈನ್‌ಮೆಂಟ್. ಲಿಫ್ಟ್ ಆದ ಮೇಲೆ ಪ್ರಿಂಟ್ ತೆಗೆಸಿ. ಕ್ಯಾಸ್ಟರ್ ಮತ್ತು ಕ್ಯಾಂಬರ್ ಎರಡೂ ಕಂಪನಿ ಹೇಳಿದ ಮಿತಿಯೊಳಗೆ ಬಂದರೆ ಆ ಲೆಕ್ಕದಲ್ಲಿ ಹೊಸ ಆರ್ಮ್ ಬೇಡ. ಕ್ಯಾಂಬರ್ ಸರಿಮಾಡಿದರೆ ಕ್ಯಾಸ್ಟರ್ ಹೋಗುತ್ತದೆ, ಕ್ಯಾಸ್ಟರ್ ತಂದರೆ ಕ್ಯಾಂಬರ್ ಹೋಗುತ್ತದೆ ಎಂದಾದರೆ ಹೊಂದಿಸುವ ಬೋಲ್ಟ್‌ಗಳ ಮಿತಿ ಮುಗಿದಿದೆ ಎಂದರ್ಥ. ಆಗ ಬೇಕು.

ಎರಡನೆಯದು, ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ ಚಕ್ರಗಳನ್ನು ಪೂರ್ತಿ ನೇತುಬಿಟ್ಟು ನೋಡುವುದು. ಆರ್ಮ್ ಸ್ಪ್ರಿಂಗ್‌ಗೆ ತಾಗುತ್ತಿದ್ದರೆ ಅಥವಾ ಜಾಯಿಂಟ್ ಸಿಕ್ಕಿಹಾಕಿಕೊಂಡಂತಿದ್ದರೆ ಅಲೈನ್‌ಮೆಂಟ್ ಸರಿಯಿದ್ದರೂ ಬದಲಿಸಿ.

4-6 ಇಂಚಿನ ದೊಡ್ಡ ಕಿಟ್‌ಗಳಲ್ಲಿ ಕೆಳಗಿನ ತೋಳನ್ನೇ ಬ್ರಾಕೆಟ್ ಹಾಕಿ ಇಳಿಸಿರುತ್ತಾರೆ, ಚಕ್ರ ಹಿಡಿಯುವ ನಕಲ್ ಕೂಡ ಬೇರೆಯಾಗಿರುತ್ತದೆ. ಸಣ್ಣ ಲಿಫ್ಟ್‌ಗೆ ಮಾಡಿದ ಆರ್ಮ್ ಅದಕ್ಕೆ ಹೊಂದುತ್ತದೆ ಎಂದುಕೊಳ್ಳಬೇಡಿ. ಕಿಟ್ ತಯಾರಕರು ಹೇಳಿದ್ದನ್ನೇ ಹಾಕಿಸಿ.

ಯಾವ ಜಾಯಿಂಟ್ ಒಳ್ಳೆಯದು?

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆ ಸಿಗುತ್ತವೆ.

ಸೀಲ್ಡ್ ಬಾಲ್ ಜಾಯಿಂಟ್: ಗ್ರೀಸ್ ತುಂಬಿ, ರಬ್ಬರ್ ಬೂಟ್‌ನಿಂದ ಮುಚ್ಚಿರುತ್ತದೆ. ನೀರು, ಕೆಸರು ಒಳಗೆ ಹೋಗುವುದಿಲ್ಲ. ಸದ್ದು ಕಡಿಮೆ. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಓಡಾಡಿ, ಉಳಿದ ದಿನ ಹೈವೇಯಲ್ಲಿ ಹೋಗುವವರಿಗೆ ಇದೇ ಸರಿ.

ಯುನಿಬಾಲ್: ಲೋಹದ ಗೋಲ ಬೇರಿಂಗ್. ಹೆಚ್ಚು ಬಾಗುತ್ತದೆ, ಹಾಗಾಗಿ ಮರುಭೂಮಿಯಲ್ಲಿ ವೇಗವಾಗಿ ಓಡುವ ಗಾಡಿಗಳಿಗೆ ಇಷ್ಟ. ಆದರೆ ಬಹುತೇಕ ತೆರೆದೇ ಇರುವುದರಿಂದ ಧೂಳು, ನೀರು ಸೇರಿ ಸವೆದು ಕಟಕಟ ಎನ್ನುತ್ತದೆ. ಆಗಾಗ ತೊಳೆದು, ಪರೀಕ್ಷಿಸಿ, ಬೇರಿಂಗ್ ಬದಲಿಸಬೇಕು.

ಬುಷ್‌ನಲ್ಲೂ ಇದೇ ಲೆಕ್ಕ. ರಬ್ಬರ್ ಬುಷ್ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಪಾಲಿಯುರೆಥೇನ್ ಗಟ್ಟಿ, ಆದರೆ ಗ್ರೀಸ್ ಒಣಗಿದರೆ ಕಿರುಗುಟ್ಟುತ್ತದೆ.

ಕೊಳ್ಳುವ ಮುನ್ನ ಒಂದು ಪ್ರಶ್ನೆ ಕೇಳಲೇಬೇಕು: ಜಾಯಿಂಟ್ ಮತ್ತು ಬುಷ್ ಬಿಡಿಯಾಗಿ ಸಿಗುತ್ತವೆಯೇ? ಸಿಗದಿದ್ದರೆ ಒಂದು ಚಿಕ್ಕ ಭಾಗ ಸವೆದರೂ ಇಡೀ ಆರ್ಮ್ ಎಸೆಯಬೇಕಾಗುತ್ತದೆ.

ಹರಿದಾಡುವ ಮಾತುಗಳು ಎಷ್ಟು ನಿಜ?

"ದಪ್ಪ ಪೈಪಿನ ಆರ್ಮ್ ಹಾಕಿದರೆ ಹೆಚ್ಚು ಲೋಡ್ ಹಾಕಬಹುದು." ಸುಳ್ಳು. ಲೋಡ್ ಮಿತಿ ಚಾಸಿ, ಆಕ್ಸಲ್, ಸ್ಪ್ರಿಂಗ್, ಬ್ರೇಕ್, ಟೈರ್ ಎಲ್ಲವನ್ನೂ ಲೆಕ್ಕ ಹಾಕಿ ಕಂಪನಿ ನಿಗದಿ ಮಾಡಿದ್ದು. ಮೇಲಿನ ಆರ್ಮ್ ಬದಲಿಸಿದರೆ ಅದು ಹೆಚ್ಚುವುದಿಲ್ಲ.

"ಹೊಸ ಆರ್ಮ್ ಹಾಕಿದರೆ ಲಿಫ್ಟ್‌ನ ಎಲ್ಲ ತೊಂದರೆ ಮುಗಿಯುತ್ತದೆ." ಸುಳ್ಳು. ಮುಂದಿನ ಡ್ರೈವ್ ಶಾಫ್ಟ್‌ನ ಓರೆ, ಬ್ರೇಕ್ ಹೋಸ್‌ನ ಎಳೆತ, ಹೆಡ್‌ಲೈಟ್ ಮೇಲಕ್ಕೆ ಹೊಡೆಯುವುದು, ಗಾಡಿಯ ತೂಕ ಮೇಲಕ್ಕೆ ಸರಿದು ತಿರುವಿನಲ್ಲಿ ಹೆಚ್ಚು ವಾಲುವುದು ಇವೆಲ್ಲ ಹಾಗೆಯೇ ಉಳಿಯುತ್ತವೆ.

"ಒಂದೇ ಕಡೆ ಸವೆದಿದ್ದರೆ ಒಂದೇ ಆರ್ಮ್ ಸಾಕು." ಕಂಪನಿಯದಕ್ಕೆ ಕಂಪನಿಯದೇ ಹಾಕುವಾಗ ಸರಿ. ಒಂದು ಕಡೆ ಕಂಪನಿಯದು, ಇನ್ನೊಂದು ಕಡೆ ಹೊರಗಿನದು ಹಾಕಿದರೆ ಎರಡೂ ಚಕ್ರದ ಕೋನ ಬೇರೆಯಾಗುತ್ತದೆ. ಜೋಡಿಯಾಗಿಯೇ ಬದಲಿಸಿ.

ಹಾಕಿಸುವಾಗ ಗಮನಿಸಿ

ರಬ್ಬರ್ ಬುಷ್ ಇದ್ದರೆ ಚಾಸಿ ಕಡೆಯ ಬೋಲ್ಟ್‌ಗಳ ಕೊನೆಯ ಬಿಗಿತ ಚಕ್ರಗಳು ನೆಲದ ಮೇಲೆ ಇದ್ದು, ಗಾಡಿಯ ಭಾರ ಬಿದ್ದಾಗಲೇ ಆಗಬೇಕು. ನೇತಾಡುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಟಾರ್ಕ್ ರೆಂಚ್ ಬಳಸುತ್ತಾರೆಯೇ ಕೇಳಿ. ಕೆಲಸ ಮುಗಿದ ತಕ್ಷಣ ಅಲೈನ್‌ಮೆಂಟ್ ಮಾಡಿಸಿ. ಸ್ವಲ್ಪ ದಿನ ಓಡಿಸಿದ ಮೇಲೆ ಬೋಲ್ಟ್‌ಗಳ ಬಿಗಿತವನ್ನು ಮತ್ತೊಮ್ಮೆ ನೋಡಿಸಿ. ದೊಡ್ಡ ಟೈರ್ ಹಾಕಿದ್ದರೆ ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲಾದರೂ ಉಜ್ಜುತ್ತದೆಯೇ ಪರೀಕ್ಷಿಸಿ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅನುಮತಿಯಿಲ್ಲದ ಬದಲಾವಣೆಗೆ ಸೆಕ್ಷನ್ 182ಎ ಅಡಿ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ಆದ್ದರಿಂದ ಲಿಫ್ಟ್ ಮಾಡಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ. ಅಮೆರಿಕದಲ್ಲಿರುವ ಕನ್ನಡಿಗರು ತಮ್ಮ ರಾಜ್ಯದ ಎತ್ತರದ ಮಿತಿ ನೋಡಿಕೊಳ್ಳಿ. ಅಲ್ಲಿ ರಾಜ್ಯಕ್ಕೊಂದು ನಿಯಮ.

ಒಟ್ಟಿನಲ್ಲಿ

ಆರ್ಮ್ ಕೊಳ್ಳಿ ಎಂದು ಯಾರಾದರೂ ಹೇಳಿದರೆ "ನನ್ನ ಗಾಡಿಯ ಕ್ಯಾಸ್ಟರ್ ಈಗ ಎಷ್ಟಿದೆ, ಇದನ್ನು ಹಾಕಿದ ಮೇಲೆ ಎಷ್ಟಾಗುತ್ತದೆ?" ಎಂದು ಕೇಳಿ. ಬೇಡ ಎಂದು ಹೇಳುವವರನ್ನೂ ಅದೇ ಪ್ರಶ್ನೆ ಕೇಳಿ. ಇಬ್ಬರಲ್ಲಿ ಅಂಕಿ ತೋರಿಸಿ ಉತ್ತರ ಕೊಡುವವರ ಬಳಿ ಕೆಲಸ ಮಾಡಿಸಿ. ಗಾಡಿ ಈಗಾಗಲೇ ಎತ್ತರಿಸಿ, ತಿರುವಿನ ನಂತರ ಸ್ಟಿಯರಿಂಗ್ ನೇರಕ್ಕೆ ಬರುತ್ತಿಲ್ಲ ಅಥವಾ ಗುಂಡಿಗೆ ಇಳಿದಾಗ ಟಕ್ ಎನ್ನುತ್ತಿದೆ ಎಂದರೆ, ಮುಂದಿನ ದೂರದ ಪ್ರಯಾಣಕ್ಕೆ ಮೊದಲು ತೋರಿಸಿ.